ಫೋಟೋ ನೋಡಿ ಹಳೇ ಜೀಪ್ ತಗೊಳ್ಳೋರೇ, ಮೊದ್ಲು ಟೈರ್ ಮೇಲಿನ ಅಕ್ಷರ ಓದಿ

ಕಳೆದ ವಾರ ನಮ್ಮ ಬಾವನ ವಾಟ್ಸಾಪ್‌ಗೆ ಒಂದು ಜಾಹೀರಾತು ಬಂತು, ಅವ್ರು ನಂಗೆ ಕಳ್ಸಿ "ಇದು ನಿಂದೇ ಅಲ್ವೇನೋ" ಅಂದ್ರು. ಹೌದು, ನಂದೇ. ನಮ್ಮ ಕಣದ ಮೂಲೇಲಿ ಟಾರ್ಪಾಲ್ ಹೊದ್ಕೊಂಡು ನಿಂತಿದೆಯಲ್ಲ ಜೀಪು, ಅದರದ್ದೇ ಫೋಟೋಗಳು, ಒಂದೂ ಬದಲಾಗಿಲ್ಲ, ರೇಟು ಮಾತ್ರ 6 ಲಕ್ಷ ಆಗಿದೆ. ನಾನು ಕೊಟ್ಟಿದ್ದು 4 ಲಕ್ಷ 75 ಸಾವಿರ, ಲಾರಿ ಬಾಡಿಗೆ ಬೇರೆ. ಮರ್ಯಾದೆ ಪ್ರಶ್ನೆ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ, ಆದ್ರೆ ನಂಗೆ ಮಾರಿದೋನೇ ನನ್ನ ಗಾಡಿ ಫೋಟೋ ತೋರ್ಸಿ ಇನ್ನೊಬ್ಬರ ದುಡ್ಡು ಹೊಡಿಯೋಕೆ ಹೊರಟಿದಾನೆ ಅಂದ್ಮೇಲೆ ಹೇಳದೆ ಇರೋಕಾಗಲ್ಲ.

ನಮ್ದು ಸಕಲೇಶಪುರ ಕಡೆ, ಸಣ್ಣ ಕಾಫಿ ತೋಟ. ಈ ಭಾಗದ ಹಳೇ ಮನೆಗಳಲ್ಲಿ ಯಾರನ್ನ ಕೇಳಿದ್ರೂ ನಮ್ಮಜ್ಜನ ಹತ್ರ ಒಂದು ಡಿಸ್ಪೋಸಲ್ ಜೀಪ್ ಇತ್ತು ಅಂತಾರೆ, ಎರಡನೇ ಮಹಾಯುದ್ಧ ಮುಗಿದ್ಮೇಲೆ ಮಿಲಿಟರಿಯವ್ರು ಮಾರಿದ್ದು, ಆ ಕೆಸರಲ್ಲಿ ಹೋಗೋಕೆ ಬೇರೆ ಗಾಡಿ ಎಲ್ಲಿತ್ತು ಆಗ. ನಮ್ಮಜ್ಜನ ಹತ್ರನೂ ಒಂದಿತ್ತಂತೆ, ನಾನು ಹುಟ್ಟೋ ಮುಂಚೆನೇ ಮಾರಿದ್ರು, ಆದ್ರೆ ಅಪ್ಪ ಅದರ ಕಥೆ ಹೇಳದ ಮಳೆಗಾಲ ಇಲ್ಲ. ಅಂಥದ್ದೇ ಒಂದು ತಂದು ಅಪ್ಪನ ಮುಂದೆ ನಿಲ್ಲಿಸ್ಬೇಕು ಅನ್ನೋದು ನನ್ನ ಹುಚ್ಚು, ಅಷ್ಟೇ ಹಿನ್ನೆಲೆ.

ಜಾಹೀರಾತಲ್ಲಿ ಇದ್ದಿದ್ದು ಹೀಗೆ: 1942ರ ಫೋರ್ಡ್ ಜಿಪಿಡಬ್ಲ್ಯೂ, ಒರಿಜಿನಲ್ ಇಂಜಿನ್, ಲೆಫ್ಟ್ ಹ್ಯಾಂಡ್, ಡಿಸ್ಪೋಸಲ್ ಗಾಡಿ. ಗೊತ್ತಿಲ್ಲದವ್ರಿಗೆ ಒಂದ್ಮಾತು, ಯುದ್ಧದ ಜೀಪು ಅಂದ್ರೆ ಎರಡು ಕಂಪನಿದು, ವಿಲ್ಲಿಸ್ ಮಾಡಿದ್ದು ಎಂಬಿ, ಅದೇ ಡಿಸೈನ್ ತಗೊಂಡು ಫೋರ್ಡ್ ಮಾಡಿದ್ದು ಜಿಪಿಡಬ್ಲ್ಯೂ, 1941ರಿಂದ 45ರ ತನಕ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಮಾಡಿದ್ರು. ಸ್ಟೇರಿಂಗ್ ಎಡಗಡೆ, ಲೆಫ್ಟ್ ಹ್ಯಾಂಡ್ ಅಂದ್ರೆ ಅದೇ. ನಮ್ಮಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾದವ್ರು ಜೋಡ್ಸೋಕೆ ಶುರು ಮಾಡಿದ ಜೀಪುಗಳು ಇದರ ತಮ್ಮಂದಿರು, ಸಿವಿಲಿಯನ್ ಮಾಡೆಲ್‌ಗಳು, ಸಿಜೆ ಅಂತ ಹೆಸ್ರು. ನೋಡೋಕೆ ಒಂದೇ ಥರ, ಬೆಲೆಯಲ್ಲಿ ಮಾತ್ರ ಭೂಮಿ ಆಕಾಶ ವ್ಯತ್ಯಾಸ, ಇವ್ರ ವ್ಯಾಪಾರ ನಿಂತಿರೋದೇ ಆ ವ್ಯತ್ಯಾಸದ ಮೇಲೆ.

ನಂಗೆ ಗೊತ್ತಿದ್ದಿದ್ದು ಒಂದೇ ಒಂದು ವಿಷಯ. ಯುದ್ಧದ ಜೀಪಿಗೆ ಮುಂದಿನ ಗ್ರಿಲ್‌ನಲ್ಲಿ ಒಂಬತ್ತು ಸೀಳು, ಸಿಜೆಗೆ ಏಳು. ಫೋಟೋ ದೊಡ್ಡದು ಮಾಡಿ ಬೆರಳಿಟ್ಟು ಎಣಿಸ್ದೆ, ಒಂಬತ್ತು. ಇನ್ನೊಂದ್ಸಲ ಎಣಿಸ್ದೆ, ಒಂಬತ್ತೇ! ಆ ರಾತ್ರಿ ನಿದ್ದೆ ಬರ್ಲಿಲ್ಲ. ಗ್ರಿಲ್ ಅನ್ನೋದು ಬರೀ ಒತ್ತಿದ ತಗಡು, ನಾಲ್ಕು ಬೋಲ್ಟ್ ಬಿಚ್ಚಿದ್ರೆ ಬೇರೆದು ಕೂರುತ್ತೆ ಅನ್ನೋ ಸಾಮಾನ್ಯ ಜ್ಞಾನ ಆ ಹೊತ್ತಿಗೆ ಎಲ್ಲಿಗೆ ಹೋಗಿತ್ತೋ. ಫೋನಲ್ಲಿರೋ ಎಐಗೂ ಫೋಟೋ ಹಾಕಿ ಕೇಳ್ದೆ, ಅದು ತುಂಬಾ ಗಂಭೀರವಾಗಿ 1943ರ ಫೋರ್ಡ್ ಜಿಪಿಡಬ್ಲ್ಯೂ ಅಂತು. ಗಾಡಿ ಬಂದ್ಮೇಲೆ ನಾನೇ ಕಣದಲ್ಲಿ ತೆಗೆದ ಫೋಟೋ ಹಾಕಿದ್ರೆ 1944ರ ವಿಲ್ಲಿಸ್ ಎಂಬಿ ಅಂತು. ಅದೂ ಗ್ರಿಲ್ ಎಣಿಸ್ತಿತ್ತು ಅನ್ಸುತ್ತೆ, ನನ್ನ ಹಾಗೇನೇ.

ಒಟ್ಟು ಹನ್ನೊಂದು ಫೋಟೋ. ವಿಡಿಯೋ ಕಳ್ಸಿ ಅಂದ್ರೆ ಇಂಜಿನ್ ಓಡೋ ಶಬ್ದದ ಒಂದು ವಿಡಿಯೋ ಕಳ್ಸಿದ, ಪೂರ್ತಿ ಫ್ಯಾನ್ ಬೆಲ್ಟ್ ಹತ್ರ ಹಿಡಿದು. ನಂಬರ್ ಪ್ಲೇಟ್ ಮೇಲೆ ಬಟ್ಟೆ ಕಟ್ಟಿತ್ತು, ಯಾಕ್ರೀ ಅಂದ್ರೆ ಪ್ರೈವೆಸಿ ಸಾರ್ ಅಂದ. ಆರ್‌ಸಿ ಕಾಪಿಯಲ್ಲಿ ಮೇಕರ್ ಹತ್ರ ಮಹೀಂದ್ರಾ ಅಂತಿತ್ತು, ಅದಕ್ಕೂ ಉತ್ತರ ರೆಡಿ, "ಆಗಿನ ಕಾಲದ ಗುಮಾಸ್ತರು ಯಾವ ಜೀಪ್ ಬಂದ್ರೂ ಮಹೀಂದ್ರಾ ಅಂತಲೇ ಬರ್ಕೊಳ್ತಿದ್ರು ಸಾರ್". ಇದನ್ನ ನಾನು ನಂಬಿದ್ದಷ್ಟೇ ಅಲ್ಲ, ಬಾವ ಕೇಳಿದಾಗ ಇದೇ ಮಾತು ನನ್ನದೇ ಬುದ್ಧಿ ಅನ್ನೋ ಹಾಗೆ ಅವ್ರಿಗೆ ಹೇಳ್ದೆ. ಬೇರೆ ಪಾರ್ಟಿ ನಾಳೆ ಬರ್ತಾರೆ ಅಂದ, 50 ಸಾವಿರ ಅಡ್ವಾನ್ಸ್ ಹಾಕ್ದೆ, ಲಾರಿಗೆ ಹತ್ತಿಸೋಕೆ ಮುಂಚೆ ಉಳಿದಿದ್ದೂ ಹಾಕ್ಬಿಟ್ಟೆ.

ಲಾರಿ ಬಂದಿದ್ದು ಹದಿನಾಲ್ಕನೇ ದಿನ, ಬೆಳಗ್ಗೆ ಆರೂವರೆಗೆ, ಸಣ್ಣಗೆ ಮಳೆ. ನಮ್ಮ ಮೆಕ್ಯಾನಿಕ್ ಸಾಬ್ರನ್ನೂ ಕರೆಸಿದ್ದೆ, ಅಪ್ಪ ಕೊಡೆ ಹಿಡ್ಕೊಂಡು ನಿಂತಿದ್ರು. ಹಲಗೆ ಹಾಕಿ ಹಿಂದಿನಿಂದ ಇಳಿಸ್ತಾ ಇದಾರೆ, ಸಾಬ್ರು ಹತ್ರ ಬಂದು ಮೆಲ್ಲಗೆ, "ಅಣ್ಣ, ಲೆಫ್ಟ್ ಹ್ಯಾಂಡ್ ಅಂದಿದ್ರಲ್ವ?" ಅಂದ್ರು. ಸ್ಟೇರಿಂಗ್ ಬಲಗಡೆ ಇತ್ತು. ನಾನು ಬೇರೆ ಗಾಡಿ ಕಳ್ಸಿದಾನೆ ಅಂದ್ಕೊಂಡು ಫೋನ್ ತೆಗೆದು ಫೋಟೋ ಜೊತೆ ಹೋಲ್ಸಿದ್ರೆ ಅದೇ ಗಾಡಿ, ಮಡ್‌ಗಾರ್ಡಿನ ಗೀರು ಸಮೇತ ಅದೇ, ಆದ್ರೆ ಗೀರೂ ಆ ಕಡೆಯಿಂದ ಈ ಕಡೆಗೆ ಬಂದ್ಬಿಟ್ಟಿದೆ.

ಮರ್ಮ ಬಿಡಿಸಿದ್ದು ಅಕ್ಕನ ಮಗಳು, ಎಂಟನೇ ಕ್ಲಾಸು. "ಮಾಮ, ಇದು ಸೆಲ್ಫಿ ಥರ ಉಲ್ಟಾ ಇದೆ, ಟೈರ್ ನೋಡು" ಅಂದ್ಳು. ಟೈರ್ ಮೇಲೆ ಕಂಪನಿ ಹೆಸ್ರು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿತ್ತು, ಕೆಸರು ಮೆತ್ತಿತ್ತು ನಿಜ ಆದ್ರೆ ಓದೋ ಹಾಗೇ ಇತ್ತು. ಬಲಗಡೆ ಸ್ಟೇರಿಂಗ್ ಇರೋ ಗಾಡಿ ಫೋಟೋನ ತಿರುಗಿಸಿ ಎಡಗಡೆ ಮಾಡಿದ್ರು. ಪ್ಲೇಟಿಗೆ ಬಟ್ಟೆ ಕಟ್ಟಿದ್ದೂ ಅದಕ್ಕೇ, ಬಾನೆಟ್ ಮೇಲೆ ಮಿಲಿಟರಿ ನಂಬರ್ ಬರೀದೆ ಬರೀ ಬಿಳಿ ನಕ್ಷತ್ರ ಬಿಟ್ಟಿದ್ದೂ ಅದಕ್ಕೇ, ನಕ್ಷತ್ರ ಉಲ್ಟಾ ಮಾಡಿದ್ರೂ ನಕ್ಷತ್ರನೇ. ಫೋನ್ ಮಾಡಿದ್ರೆ "ಫ್ರಂಟ್ ಕ್ಯಾಮೆರಾದಲ್ಲಿ ತೆಗೆದಿದ್ದು ಸಾರ್, ಲೆಫ್ಟ್ ಹ್ಯಾಂಡ್ ಅಂತ ನಾನೆಲ್ಲಿ ಹೇಳಿದೀನಿ" ಅಂದ. ಚಾಟ್ ತೆಗೆದು ನೋಡಿದ್ರೆ ಮಾಡೆಲ್ಲು, ಇಸವಿ, ಲೆಫ್ಟ್ ಹ್ಯಾಂಡ್ ಅಂತ ಹೇಳಿದ್ದ ಮೆಸೇಜುಗಳೆಲ್ಲ ಡಿಲೀಟ್ ಆಗಿದ್ವು. ಸ್ಕ್ರೀನ್‌ಶಾಟ್ ತೆಗೆದಿರ್ಲಿಲ್ಲ ನಾನು. ಆಮೇಲೆ ಸ್ಟೇಷನ್, ವಕೀಲರು ಎಲ್ಲ ಅಲೆದಾಯ್ತು, ಗಾಡಿ ಕೈಗೆ ಬಂದಿದೆ, ಮಾತಿಗೆ ಸಾಕ್ಷಿ ಇಲ್ಲ, ಅದು ಅಲ್ಲಿಗೇ ನಿಂತಿದೆ.

ಆ ಹನ್ನೊಂದು ಫೋಟೋನ ಆಮೇಲೆ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಈಗ ನೋಡಿದ್ರೆ ಎಲ್ಲ ಅದರಲ್ಲೇ ಬರೆದಿಟ್ಟ ಹಾಗಿದೆ. ಯುದ್ಧದ ಜೀಪಲ್ಲಿ ಸ್ಪೇರ್ ವೀಲ್ ಇರೋದು ಹಿಂಭಾಗದ ಬಲಕ್ಕೆ, ಪೆಟ್ರೋಲ್ ಕ್ಯಾನ್ ಎಡಕ್ಕೆ. ಫೋಟೋದಲ್ಲಿ ಸ್ಪೇರ್ ಎಡಕ್ಕಿತ್ತು, ಯುದ್ಧದ ಜೀಪಿನ ಥರ ಹೊಸ ಬಾಡಿ ಕಟ್ಟಿದೋರು ಪಾಪ ಬಲಕ್ಕೇ ಸರಿಯಾಗಿ ಕಟ್ಟಿದ್ರು, ಫೋಟೋ ತಿರುಗಿಸ್ದೋನು ಅಲ್ಲಿ ಸಿಕ್ಕಿಬಿದ್ದಿದ್ದ, ನೋಡೋ ಕಣ್ಣು ನಂಗಿರ್ಲಿಲ್ಲ. ಇನ್ನು ಯುದ್ಧದ ಜೀಪಿಗೆ ಪೆಟ್ರೋಲ್ ಹಾಕ್ಬೇಕಾದ್ರೆ ಡ್ರೈವರ್ ಸೀಟ್ ಎತ್ತಬೇಕು, ಮುಚ್ಚಳ ಸೀಟಿನ ಅಡೀಲಿ, ಹೊರಗಡೆ ಬಾಡಿ ಮೇಲೆ ಮುಚ್ಚಳ ಬಂದಿದ್ದು ಸಿವಿಲಿಯನ್ ಮಾಡೆಲ್‌ನಿಂದ. ನನ್ನ ಗಾಡಿಗೆ ಹೊರಗಡೆನೇ ಇದೆ. ಫೋಟೋದಲ್ಲಿ ಸರಿಯಾಗಿ ಆ ಜಾಗದ ಮೇಲೆ ಒಂದು ಗೋಣಿಚೀಲ ನೇತುಹಾಕಿದ್ದ, ನಾನು ಅದನ್ನ ನೋಡಿ ಎಷ್ಟು ಚೆನ್ನಾಗಿ ಹಳ್ಳಿ ಗಾಡಿ ಥರ ಇದೆ ಅಂತ ಖುಷಿಪಟ್ಟಿದ್ದೆ.

ಇಂಜಿನ್ ವಿಷಯಕ್ಕೆ ಬರೋಣ, ನಾನು ಹೆಚ್ಚು ಬೈಕೊಳ್ಳೋದು ಇಲ್ಲೇ. ಯುದ್ಧದ ಜೀಪಿನ ಇಂಜಿನ್‌ಗೆ ಗೋ ಡೆವಿಲ್ ಅಂತ ಹೆಸ್ರು, 2.2 ಲೀಟರ್, ನಾಲ್ಕು ಸಿಲಿಂಡರ್, 60 ಎಚ್‌ಪಿ. ಅದು ಸೈಡ್ ವಾಲ್ವ್, ಅಂದ್ರೆ ವಾಲ್ವ್ ಎಲ್ಲ ಪಕ್ಕದಲ್ಲಿ ಬ್ಲಾಕ್ ಒಳಗೇ ಇರುತ್ತೆ, ಹಾಗಾಗಿ ಮೇಲಿನ ಹೆಡ್ಡು ಚಪ್ಪಟೆ, ಚಪ್ಪಡಿ ಕಲ್ಲು ಇಟ್ಟ ಹಾಗೆ, ಅದರ ಮೇಲೆ ನಾಲ್ಕು ಪ್ಲಗ್ಗು ಸಾಲಾಗಿ ನಿಂತಿರುತ್ತೆ, ಮೇಲ್ಗಡೆ ಟ್ಯಾಪೆಟ್ ಕವರ್, ಅಂದ್ರೆ ವಾಲ್ವ್ ಮುಚ್ಚೋ ಡಬ್ಬಿ ಥರದ ಮುಚ್ಚಳ, ಅನ್ನೋದೇ ಇರಲ್ಲ. ಆಮೇಲೆ ಬಂದಿದ್ದು ಹರಿಕೇನ್, ಅದೇ ಬ್ಲಾಕು, ಆದ್ರೆ ಇನ್‌ಲೆಟ್ ವಾಲ್ವ್ ಮಾತ್ರ ಹೆಡ್ಡಿಗೆ ಹತ್ತಿಸಿದ್ರು, ಕಾರ್ಬುರೇಟರ್ ಹೆಡ್ಡಿನ ತಲೆ ಮೇಲೆ ಕೂತ್ಕೊಳ್ತು, ಟ್ಯಾಪೆಟ್ ಕವರ್ ಬಂತು, ಇಂಜಿನ್ ಎತ್ತರ ಆಯ್ತು, ಎತ್ತರ ಆಗಿದ್ದಕ್ಕೇ 1953ರ ಸಿಜೆ-3ಬಿಗೆ ಬಾನೆಟ್ ಎತ್ತಿದ್ರು. ನಮ್ಮಲ್ಲಿ ಹೈ ಬಾನೆಟ್, ಲೋ ಬಾನೆಟ್ ಅಂತ ಕರೀತಾರಲ್ಲ, ಹೈ ಬಾನೆಟ್ ಅಂದ್ರೆ ಅದೇ. ಬಾನೆಟ್ ಎತ್ತಿ ನೇರ ಮೇಲಿಂದ ಒಂದು ಫೋಟೋ ತೆಗೆದ್ರೆ ಸಾಕು, ಚಪ್ಪಟೆ ಹೆಡ್ಡೋ ಟ್ಯಾಪೆಟ್ ಕವರ್ರೋ ಅಂತ ನನ್ನ ಎಂಟನೇ ಕ್ಲಾಸ್ ಹುಡುಗಿನೂ ಹೇಳ್ತಾಳೆ.

ಅವನು ಕಳ್ಸಿದ ಇಂಜಿನ್ ಫೋಟೋದಲ್ಲಿ ಚಪ್ಪಟೆ ಹೆಡ್ಡೇ ಇತ್ತು. ಬಂದ ಗಾಡಿಯಲ್ಲಿ ಇದ್ದಿದ್ದು ಹರಿಕೇನ್. ಅಂದ್ರೆ ಆ ಫೋಟೋನೇ ಬೇರೆ ಯಾವುದೋ ಗಾಡಿದು, ಇಂಜಿನ್ ಹಿಂದಿನ ಫೈರ್‌ವಾಲ್, ಅಂದ್ರೆ ತಗಡಿನ ಗೋಡೆ, ಅದರ ಬಣ್ಣ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು, ಗಾಡಿ ಮಿಲಿಟರಿ ಹಸಿರು, ಫೈರ್‌ವಾಲ್ ಬೂದು ನೀಲಿ. ಇಮೇಜ್ ಸರ್ಚ್‌ಗೆ ಹಾಕಿದಾಗ ಏನೂ ಸಿಗ್ಲಿಲ್ಲ, ಫೋಟೋನ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಉಲ್ಟಾ ಮಾಡಿ ಹಾಕಿದ್ರೆ ಹೊರದೇಶದ ಒಂದು ಮಾರಾಟದ ಪುಟದಲ್ಲಿ ಸಿಕ್ತು. ಇನ್ನು ಲೋ ಬಾನೆಟ್ ಒಳಗೆ ಹೈ ಬಾನೆಟ್ ಇಂಜಿನ್ ಹೇಗೆ ತುರುಕಿದ್ರು ಅಂತೀರಾ, ಬಾನೆಟ್ ಹಿಂದುಗಡೆ ದಪ್ಪ ರಬ್ಬರ್ ಪಟ್ಟಿ ಕೊಟ್ಟು ಎತ್ತಿದಾರೆ, ಒಳಗಡೆ ತಾಗೋ ಜಾಗಕ್ಕೆ ಸುತ್ತಿಗೇಲಿ ಬಡಿದಿದಾರೆ. ಪಕ್ಕದಿಂದ ತೆಗೆದ ಫೋಟೋದಲ್ಲಿ ಆ ಸಂದಿ ಕಾಣುತ್ತೆ, ಬೆರಳು ತೂರುವಷ್ಟು. ಸಾಬ್ರು ಅದರೊಳಗೆ ಬೆರಳು ಹಾಕಿ ನನ್ನ ಮುಖ ನೋಡಿದ್ರು, ಏನೂ ಹೇಳ್ಲಿಲ್ಲ, ದೊಡ್ಡ ಮನುಷ್ಯ.

ಹೊಸ ತಗಡಲ್ಲಿ ಹಳೇ ಜೀಪಿನ ಬಾಡಿ ಕಟ್ಟಿಕೊಡೋರು ಪಂಜಾಬ್ ಹರಿಯಾಣ ಕಡೆ ತುಂಬಾ ಜನ ಇದಾರೆ, ಕೆಲಸ ಚೆನ್ನಾಗೂ ಇರುತ್ತೆ, ಹೊಸದು ಅಂತ ಹೇಳಿ ಮಾರಿದ್ರೆ ಅದು ಮೋಸ ಅಲ್ಲ. ಮಾರೋನು ತೋರ್ಸೋದೆಲ್ಲ ಅಂಗಡೀಲಿ ಸಿಗೋ ಸಾಮಾನು ಅನ್ನೋದು ನಂಗೆ ತಡವಾಗಿ ಹೊಳೀತು. ಡ್ಯಾಶ್‌ಬೋರ್ಡ್ ಮೇಲಿನ ಹಿತ್ತಾಳೆ ಪ್ಲೇಟು ಆನ್‌ಲೈನಲ್ಲಿ ಸಿಗುತ್ತೆ. ಫೋರ್ಡ್‌ನವ್ರು ತಮ್ಮ ಬೋಲ್ಟಿನ ತಲೆ ಮೇಲೂ ಎಫ್ ಅಂತ ಒತ್ತಿದ್ರು, ಆ ಬೋಲ್ಟೂ ಹೊಸದಾಗಿ ಮಾಡಿ ಮಾರ್ತಾರೆ. ನಂಗೆ ಎಫ್ ಬೋಲ್ಟಿನ ಕ್ಲೋಸಪ್ ಫೋಟೋನೇ ಮೂರು ಕಳ್ಸಿದ್ದ! ಕಳ್ಸದೇ ಇದ್ದಿದ್ದು ಚಾಸಿ ಫೋಟೋ. ಮೊಣಕಾಲೆತ್ತರದಲ್ಲಿ ಕೂತು ಗ್ರಿಲ್ ಕೆಳಗಿಂದ ತೆಗೆದ್ರೆ ರೇಡಿಯೇಟರ್ ಅಡಿಯ ಅಡ್ಡಪಟ್ಟಿ ಕಾಣುತ್ತೆ, ವಿಲ್ಲಿಸ್ ಎಂಬಿಗೆ ಅದು ಗುಂಡನೆ ಪೈಪು, ಫೋರ್ಡಿಗೆ ಬೋರಲು ಹಾಕಿದ ದೋಣಿ ಥರ ಚಾನೆಲ್. ಜಿಪಿಡಬ್ಲ್ಯೂ ನಂಬರ್ ಎಡಗಡೆ ಚಾಸಿ ಪಟ್ಟಿಯ ಮೇಲ್ಮೈ ಮೇಲೇ ಹೊಡೆದಿರುತ್ತೆ, ಎಂಬಿಗೆ ಎಡ ಪಟ್ಟಿಯ ಒಳಮೈಗೆ ಸಣ್ಣ ಪ್ಲೇಟು. ಎಡ ಅಂದ್ರೆ ಡ್ರೈವರ್ ಸೀಟಲ್ಲಿ ಮುಂದೆ ನೋಡ್ತಾ ಕೂತಾಗಿನ ಎಡ. ಆ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗ್ಸಿ, ಆ ಪೇಪರ್ ಜೀಪಿನ ಪಕ್ಕ ಹಿಡಿದ ಫೋಟೋ ಕೇಳಿ, ಪೇಪರ್ ಮೇಲೆ ಅವತ್ತಿನ ತಾರೀಖು ಕೈಯಲ್ಲಿ ಬರೆಸಿ. ಅಕ್ಷರ ಇದ್ರೆ ಫೋಟೋ ತಿರುಗಿಸೋಕಾಗಲ್ಲ. ಇದನ್ನ ಕೇಳಿದ ತಕ್ಷಣ ಇನ್ನೊಂದು ಪಾರ್ಟಿ ಬರ್ತಿದೆ ಅಂದ್ರೆ ಬರ್ಲಿ ಬಿಡಿ, ಅವ್ರೇ ತಗೊಳ್ಳಲಿ.

ಆರ್‌ಟಿಒ ಕಥೆ ಉದ್ದ ಮಾಡಲ್ಲ. ಚಾಸಿ ಮೇಲಿನ ನಂಬರಿಗೂ ಆರ್‌ಸಿಗೂ ತಾಳೆ ಆಗ್ಲಿಲ್ಲ, ಟ್ರಾನ್ಸ್‌ಫರ್ ಆಗಲ್ಲ ಅಂದ್ರು. ವಿಂಟೇಜ್ ಅಂತ ಮಾಡ್ಸಿ ಅಂತ ಕೆಲವ್ರು ಬುದ್ಧಿ ಹೇಳಿದ್ರು, 2021ರಲ್ಲಿ ಬಂದ ರೂಲ್ ಪ್ರಕಾರ 50 ವರ್ಷ ದಾಟಿರ್ಬೇಕು, ಜೊತೆಗೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರ್ಬೇಕು, ಫೀಸು 20 ಸಾವಿರ, ಅಷ್ಟಾದ್ರೂ ದಿನಾ ಓಡ್ಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಥರದ್ದಕ್ಕೆ ಮಾತ್ರ. ನಂದು ಮೂರು ಗಾಡಿ ಸೇರಿ ಆದ ಒಂದು ಗಾಡಿ, ಮೂಲ ರೂಪ ಯಾವುದು ಅಂತ ತೋರ್ಸಲಿ.

ಇಷ್ಟೆಲ್ಲ ಕಲಿತ ಮೇಲೆ ಒಂದಿನ ಮನೆ ಆಲ್ಬಮ್ ತೆಗೆದು ಅಜ್ಜನ ಜೀಪಿನ ಫೋಟೋ ನೋಡ್ದೆ. ಅಜ್ಜ ಪಂಚೆ ಉಟ್ಕೊಂಡು ಹಿಂದಿನ ಬಾಗಿಲು ಇಳಿಸಿ ಅದರ ಮೇಲೆ ಕೂತಿದಾರೆ. ಯುದ್ಧದ ಜೀಪಿಗೆ ಹಿಂದೆ ಬಾಗಿಲೇ ಇಲ್ಲ. ಮುಂದಿನ ಗ್ಲಾಸು ನಡುವೆ ಕಂಬಿ ಇಲ್ಲದ ಒಂದೇ ಗ್ಲಾಸು, ಯುದ್ಧದ್ದಕ್ಕೆ ಎರಡು ಭಾಗ ಇರುತ್ತೆ. ಅದು ಸಿಜೆ-3ಎ, 1949ರ ಆಸುಪಾಸಿಂದ ಬಂದ ಮಾಡೆಲ್ಲು. ನಮ್ಮನೇಲಿ ಮಿಲಿಟರಿ ಜೀಪು ಇರ್ಲೇ ಇಲ್ಲ. ಅಪ್ಪನಿಗೆ ತೋರ್ಸಿದ್ರೆ ಒಪ್ಪಲಿಲ್ಲ, ಆ ಫೋಟೋದಲ್ಲಿರೋದು ಪಕ್ಕದ ಎಸ್ಟೇಟಿನವ್ರ ಜೀಪು ಅಂದ್ರು.

ಈಗ ಓಡಾಡ್ತಿರೋ ಜಾಹೀರಾತಿನ ಗುರುತು ಹೇಳ್ಬಿಡ್ತೀನಿ: ಕಡು ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಪ್ಲೇಟಿಗೆ ಕೆಂಪು ಬಟ್ಟೆ, ಪಕ್ಕದಲ್ಲಿ ಗೋಣಿಚೀಲ, ಸ್ಪೇರ್ ವೀಲ್ ಹಿಂದೆ ಎಡಕ್ಕೆ, ಮುಂದಿನ ಮಡ್‌ಗಾರ್ಡಲ್ಲಿ ಗೇಣುದ್ದ ಗೀರು. ಫೋನ್ ನಂಬರ್ ಬದಲಾಯಿಸಿದಾನೆ. ಗಾಡಿ ನೋಡ್ಬೇಕು ಅಂತ ಆಸೆ ಇದ್ರೆ ಅವನಿಗೆ ಫೋನ್ ಮಾಡ್ಬೇಡಿ, ನಮ್ಮನೆಗೆ ಬನ್ನಿ, ಟಾರ್ಪಾಲ್ ತೆಗೆದು ತೋರಿಸ್ತೀನಿ.