ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ ಯಾಕೆ ತಗೊಂಡೆ: ಮೈಲ್ಡ್, ವಿಟಾರಾ, ಕ್ರಿಸ್ಟಾ ಎಲ್ಲ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗೆ. ಸ್ಟ್ರಾಂಗ್ ಅಂದರೆ ಪೆಟ್ರೋಲ್ ಎಂಜಿನ್ ಇದ್ದರೂ ಬ್ಯಾಟರಿ, ಮೋಟಾರಿನ ಬಲದಲ್ಲೇ ಸ್ವಲ್ಪ ದೂರ ಓಡಬಲ್ಲ ಗಾಡಿ; ಮೈಲ್ಡ್ ಅಂದರೆ ಮೋಟಾರು ಎಂಜಿನ್‌ಗೆ ಸ್ವಲ್ಪ ಸಹಾಯ ಮಾಡುತ್ತದೆ ಅಷ್ಟೇ. ದುಡ್ಡು ಕೊಟ್ಟು ತಗೊಂಡಿದ್ದೇನೆ, ದಿನಾ ಓಡಿಸುತ್ತಿದ್ದೇನೆ, ಮನೆಯವರೆಲ್ಲ ಖುಷಿಯಾಗಿದ್ದೇವೆ. ತಗೊಳ್ಳುವ ಮೊದಲು ಇನ್ನೂ ಮೂರು ಗಾಡಿ ಓಡಿಸಿದ್ದೆ. ಇದೇ ಹೈರೈಡರ್‌ನ ಮೈಲ್ಡ್ ಹೈಬ್ರಿಡ್ ಆಟೋಮ್ಯಾಟಿಕ್, ಮಾರುತಿಯ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್, ಮತ್ತೆ ಸೆಕೆಂಡ್ ಹ್ಯಾಂಡ್ ಇನ್ನೋವಾ ಕ್ರಿಸ್ಟಾ ಡೀಸೆಲ್. ಮೈಲ್ಡ್ ಗಾಡಿ ಗೆಳೆಯನದ್ದು, ವಿಟಾರಾ ಭಾವನದ್ದು. ಶೋರೂಮಿನವರು ಪಕ್ಕದಲ್ಲಿ ಕೂತು ಒಂದು ಸುತ್ತು ಹೊಡೆಸುತ್ತಾರಲ್ಲ, ಅಂಥ ಟೆಸ್ಟ್ ಡ್ರೈವ್ ನಂಬಿ ಬರೆಯುತ್ತಿಲ್ಲ. ಟ್ರಾಫಿಕ್ಕಿನಲ್ಲಿ, ಊರ ದಾರಿಯಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಿಸಿ ನೋಡಿದ್ದು.

ನನ್ನ ಓಡಾಟ ಹೇಗೆ ಅಂತ ಹೇಳದಿದ್ದರೆ ಈ ಹೋಲಿಕೆಗೆ ಅರ್ಥ ಇಲ್ಲ. ವಾರದ ದಿನ ರಾಜಾಜಿನಗರದಿಂದ ಹೆಬ್ಬಾಳದ ಕಡೆ ಆಫೀಸು. ಗೊರಗುಂಟೆಪಾಳ್ಯದ ಸಿಗ್ನಲ್ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ತಿಂಗಳಲ್ಲಿ ಒಂದೆರಡು ಸಲ ತಿಪಟೂರಿನ ಹತ್ತಿರ ಊರಿಗೆ. ಅಲ್ಲಿ ತೋಟ ಇದೆ, ಅಪ್ಪ ಅಮ್ಮ ಇದ್ದಾರೆ. ಬರುವಾಗ ಕಾರು ಯಾವತ್ತೂ ಖಾಲಿ ಬರುವುದಿಲ್ಲ.

ನಮ್ಮ ಮನೆಯಲ್ಲಿ ಟೊಯೋಟಾ ಮೇಲಿನ ನಂಬಿಕೆ ಹಳೆಯದು. 2000ದಲ್ಲಿ ಬಿಡದಿಯಿಂದ ಕ್ವಾಲಿಸ್ ಹೊರಬಂದಾಗ ಅದರ ಚೌಕಾಕಾರ ನೋಡಿ ಜನ ಮೂಗು ಮುರಿದಿದ್ದರು. ಆಮೇಲೆ ಬೆಂಗಳೂರಿನ ಕಾಲ್ ಸೆಂಟರ್‌ಗಳ ಮುಂದೆ ರಾತ್ರಿಯಿಡೀ ಸಾಲಾಗಿ ನಿಂತಿದ್ದು ಅದೇ ಗಾಡಿ. ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಓಡುತ್ತಿರುವ ಕುದುರೆಯನ್ನು ಯಾರಾದರೂ ಲಾಯಕ್ಕೆ ಕಟ್ಟುತ್ತಾರಾ ಅಂತ ಆಗ ಟ್ಯಾಕ್ಸಿಯವರು ಕೇಳುತ್ತಿದ್ದರು. ಇನ್ನೋವಾ ಎಲ್ಲರ ಬಾಯಿ ಮುಚ್ಚಿಸಿತು. ಇವತ್ತಿಗೂ ಹಳೇ ಇನ್ನೋವಾ ಓಡಿಸುವ ಡ್ರೈವರ್‌ಗಳು ಮೂರು ನಾಲ್ಕು ಲಕ್ಷ ಕಿಲೋಮೀಟರ್ ಬಗ್ಗೆ ಮಾಮೂಲು ವಿಷಯದ ಹಾಗೆ ಮಾತಾಡುತ್ತಾರೆ. ನಮ್ಮ ಮನೆಯಲ್ಲಿದ್ದದ್ದೂ ಅದೇ ಹಳೇ ಇನ್ನೋವಾ. ಎಂಜಿನ್ ಬಗ್ಗೆ ಒಂದು ದಿನ ತಲೆಕೆಡಿಸಿಕೊಂಡಿದ್ದಿಲ್ಲ.

ಆದರೆ ಟೊಯೋಟಾ ಮುಟ್ಟಿದ್ದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. 2010ರಲ್ಲಿ ಬಂದ ಇಟಿಯೋಸ್ ನೋಡಿ. ಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ. ಒಳಗಿನ ಪ್ಲಾಸ್ಟಿಕ್ ಸಪ್ಪೆ. ಮನೆ ಕಾರು ಹುಡುಕುತ್ತಿದ್ದ ಜನ ಅದನ್ನು ಅಷ್ಟಾಗಿ ಒಪ್ಪಲಿಲ್ಲ, ಟ್ಯಾಕ್ಸಿಯವರು ತಲೆ ಮೇಲೆ ಹೊತ್ತುಕೊಂಡರು. ಹತ್ತಿರ ಹತ್ತಿರ 600 ಲೀಟರ್ ಡಿಕ್ಕಿ ಅದಕ್ಕೆ! ವಿಮಾನ ನಿಲ್ದಾಣಕ್ಕೆ ಹೋಗುವವರ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ನುಂಗಿಬಿಡುತ್ತಿತ್ತು. ಡಿಕ್ಕಿ ವಿಷಯ ಮುಂದೆ ಬರುತ್ತದೆ, ಬೇಕಾದಷ್ಟು ಬರುತ್ತದೆ.

ಹೈರೈಡರ್‌ಗೂ ವಿಟಾರಾಗೂ ಏನು ವ್ಯತ್ಯಾಸ ಅಂತ ಎಲ್ಲರೂ ಕೇಳುತ್ತಾರೆ. 2022ರಲ್ಲಿ ಬಂದಾಗ ಎರಡೂ ಬಿಡದಿಯ ಒಂದೇ ಕಾರ್ಖಾನೆಯಲ್ಲಿ ತಯಾರಾಗಿ ಬಂದವು. ಟೊಯೋಟಾ ಮತ್ತು ಸುಜುಕಿ 2017ರಿಂದ ಕೈಜೋಡಿಸಿವೆ, ಅದರ ಫಲ ಇದು. ಈ ಎರಡು ಕಂಪನಿಗಳ ಬೇರು ಹುಡುಕಿದರೆ ಖುಷಿಯಾಗುತ್ತದೆ. ಇಬ್ಬರೂ ಶುರು ಮಾಡಿದ್ದು ಬಟ್ಟೆ ನೇಯುವ ಮಗ್ಗದಿಂದ. ಸಕಿಚಿ ಟೊಯೋಡಾ ನೂಲು ತುಂಡಾದ ತಕ್ಷಣ ತಾನೇ ನಿಲ್ಲುವ ಮಗ್ಗ ಮಾಡಿದವರು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್‌ಗೆ ಕೊಟ್ಟರು. ಮಗ ಕೀಚಿರೊ ಕಾರಿನ ಹಿಂದೆ ಬಿದ್ದು 1937ರಲ್ಲಿ ಮೋಟಾರು ಕಂಪನಿ ಕಟ್ಟಿದರು. ಸಕಿಚಿ ಹುಟ್ಟಿದ ಶಿಜುವೊಕಾ ಸೀಮೆಯಲ್ಲೇ ಇರುವ ಹಮಾಮಾತ್ಸುವಿನಲ್ಲಿ ಮಿಚಿಯೊ ಸುಜುಕಿ 1909ರಲ್ಲೇ ಮಗ್ಗದ ಕಾರ್ಖಾನೆ ತೆರೆದಿದ್ದರು. ಒಂದೇ ಸೀಮೆಯ ಮಗ್ಗದವರು ನೂರು ವರ್ಷ ಆದ ಮೇಲೆ ನಮ್ಮ ರಾಮನಗರದ ದಾರಿಯಲ್ಲಿ ಒಂದೇ ಸೂರಿನಡಿ ಕಾರು ಮಾಡುತ್ತಾರೆ ಅಂದರೆ ನನಗಂತೂ ಸೋಜಿಗ.

ಈ ದೋಸ್ತಿಯಲ್ಲಿ ಕೆಲಸ ಹಂಚಿಕೆಯಾಗಿದೆ. ಮೈಲ್ಡ್ ಹೈಬ್ರಿಡ್‌ನ ನಾಲ್ಕು ಸಿಲಿಂಡರ್ ಎಂಜಿನ್ ಸುಜುಕಿಯದು. ಸ್ಟ್ರಾಂಗ್ ಹೈಬ್ರಿಡ್‌ನ ಮೂರು ಸಿಲಿಂಡರ್ ಎಂಜಿನ್, ಮೋಟಾರು, ಬ್ಯಾಟರಿ ವ್ಯವಸ್ಥೆ ಟೊಯೋಟಾದ್ದು. ಟೊಯೋಟಾ 1997ರಲ್ಲಿ ಪ್ರಿಯಸ್ ತಂದಾಗಿನಿಂದ ಇದನ್ನೇ ತಿದ್ದಿ ತೀಡಿಕೊಂಡು ಬಂದಿದೆ. ಹೈಬ್ರಿಡ್ ಬ್ಯಾಟರಿ ಕೈಕೊಟ್ಟರೆ ಗತಿಯೇನು ಅಂತ ಅಪ್ಪ ಕೇಳಿದ್ದಕ್ಕೆ ನಾನು ಇದನ್ನೇ ಹೇಳಿದೆ. ಜೊತೆಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಅವರಿಗೆ ಸಮಾಧಾನವಾಯಿತು.

ಈಗ ಊರೊಳಗಿನ ಓಡಾಟ. ಸ್ಟ್ರಾಂಗ್ ಹೈಬ್ರಿಡ್ ನನ್ನ ಮನಸ್ಸು ಗೆದ್ದಿದ್ದು ಇಲ್ಲೇ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್. ಹಸಿರು ಬಿದ್ದಾಗ ಗಾಡಿ ಸದ್ದಿಲ್ಲದೆ ಕರೆಂಟಿನಲ್ಲೇ ಮುಂದೆ ಜಾರುತ್ತದೆ. ಹತ್ತಡಿ ಹೋಗು, ನಿಲ್ಲು, ಮತ್ತೆ ಹತ್ತಡಿ ಹೋಗು ಅನ್ನುವ ಜಾಮ್‌ನಲ್ಲಿ ಎಂಜಿನ್ ಆಗೊಮ್ಮೆ ಈಗೊಮ್ಮೆ ಬ್ಯಾಟರಿ ತುಂಬಿಸಲು ಮಾತ್ರ ಏಳುತ್ತದೆ. ಪೆಟ್ರೋಲ್ ಕಾರಿಗೆ ಯಾವುದು ಶಿಕ್ಷೆಯೋ ಅದೇ ಇದಕ್ಕೆ ಅನುಕೂಲ. ಬ್ರೇಕ್ ಒತ್ತಿದಾಗೆಲ್ಲ ಅಷ್ಟಿಷ್ಟು ಕರೆಂಟು ವಾಪಸ್ ಬರುತ್ತದೆ.

ಎಸಿ ವಿಷಯ ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಸ್ಟ್ರಾಂಗ್ ಹೈಬ್ರಿಡ್‌ನ ಎಸಿ ಕಂಪ್ರೆಸರ್ ಬ್ಯಾಟರಿಯಿಂದ ನಡೆಯುತ್ತದೆ. ಎಂಜಿನ್ ಆಫ್ ಆದರೂ ತಂಪು ಗಾಳಿ ಬರುತ್ತಲೇ ಇರುತ್ತದೆ. ಮೈಲ್ಡ್‌ನಲ್ಲಿ ಸಿಗ್ನಲ್‌ಗೆ ಎಂಜಿನ್ ನಿಂತರೆ ಬರೀ ಫ್ಯಾನ್ ಗಾಳಿ. ಏಪ್ರಿಲ್ ಬಿಸಿಲಲ್ಲಿ ಒಂದು ನಿಮಿಷಕ್ಕೆ ಗಾಳಿ ಬೆಚ್ಚಗಾಗುತ್ತದೆ, ಎಂಜಿನ್ ಮತ್ತೆ ಏಳುತ್ತದೆ. ಗೆಳೆಯ ಬೇಸತ್ತು, ಎಂಜಿನ್ ತಾನೇ ನಿಲ್ಲುವ ಆ ವ್ಯವಸ್ಥೆಯನ್ನೇ ಬಟನ್ ಒತ್ತಿ ಆಫ್ ಮಾಡಿ ಓಡಿಸುತ್ತಾನೆ. ಅಲ್ಲಿಗೆ ಉಳಿಯಬೇಕಿದ್ದ ಪೆಟ್ರೋಲೂ ಉಳಿಯಲಿಲ್ಲ, ಅಲ್ವಾ?

ಮೈಲೇಜು: ಊರೊಳಗೆ ನನಗೆ 22ರ ಆಸುಪಾಸು ಸಿಗುತ್ತದೆ. ಗೆಳೆಯನ ಮೈಲ್ಡ್ ಆಟೋಮ್ಯಾಟಿಕ್‌ಗೆ ಇದೇ ರಸ್ತೆಗಳಲ್ಲಿ 12 ದಾಟುವುದು ಕಷ್ಟ. ಹೈವೇಯಲ್ಲಿ ಈ ಅಂತರ ಬಹಳ ಕಡಿಮೆಯಾಗುತ್ತದೆ. ಬರೀ ಹೈವೇ ಓಡಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಇನ್ನು ಡಿಕ್ಕಿ. ನೀವು ಸ್ಟ್ರಾಂಗ್ ಹೈಬ್ರಿಡ್ ನೋಡುತ್ತಿದ್ದರೆ ಈ ಭಾಗವನ್ನು ದಯವಿಟ್ಟು ಬಿಡದೆ ಓದಿ.

ಬ್ಯಾಟರಿಯನ್ನು ಡಿಕ್ಕಿಯ ನೆಲದ ಕೆಳಗೆ ಇಟ್ಟಿದ್ದಾರೆ. ಹಾಗಾಗಿ ನೆಲ ಎದ್ದು ಕೂತಿದೆ. ಬಾಗಿಲು ತೆಗೆದರೆ ಅಗಲ ಇದೆ, ಉದ್ದ ಇದೆ, ಆಳವೇ ಇಲ್ಲ. ಮೈಲ್ಡ್‌ನ ಪಕ್ಕ ನಿಲ್ಲಿಸಿ ಎರಡರ ಡಿಕ್ಕಿಯನ್ನೂ ಒಟ್ಟಿಗೆ ತೆಗೆದು ನೋಡಿದರೆ ಇವೆರಡೂ ಒಂದೇ ಕಾರಾ ಅನ್ನಿಸುತ್ತದೆ. ನಾನು ವಿಚಾರಿಸಿದ ಒಂದು ಶೋರೂಮಿನಲ್ಲಿ 'ಎರಡಕ್ಕೂ ಡಿಕ್ಕಿ ಒಂದೇ ಸರ್, ಏನೂ ವ್ಯತ್ಯಾಸ ಇಲ್ಲ' ಅಂತ ಖಡಾಖಂಡಿತವಾಗಿ ಹೇಳಿದರು. ಡಿಸ್ಪ್ಲೇಗೆ ಇಟ್ಟಿದ್ದ ಗಾಡಿ ಮೈಲ್ಡ್. ಸ್ಟ್ರಾಂಗ್ ತೋರಿಸಿ ಅಂದರೆ ಯಾರ್ಡಿನಲ್ಲಿದೆ, ನಾಳೆ ಬನ್ನಿ ಅನ್ನುತ್ತಿದ್ದರು. ಹಟ ಹಿಡಿದು ಯಾರ್ಡಿಗೇ ಹೋಗಿ ತೆಗೆಸಿ ನೋಡಿದೆ. ಲಕ್ಷಗಟ್ಟಲೆ ದುಡ್ಡು ಕೊಡುವವರಿಗೆ ಹೀಗೆ ಸುಳ್ಳು ಹೇಳುವುದು ತಪ್ಪು. ನಾನು ಬುಕ್ ಮಾಡಿದ್ದು ಬೇರೆ ಕಡೆ.

ದಿನಬಳಕೆಯಲ್ಲಿ ಇದು ಹೇಗೆ ಕಾಡುತ್ತದೆ ಅಂದರೆ, ದೊಡ್ಡ ಸೂಟ್‌ಕೇಸ್ ನೆಟ್ಟಗೆ ನಿಲ್ಲುವುದಿಲ್ಲ, ಮಲಗಿಸಬೇಕು. ಒಂದು ಮಲಗಿಸಿದರೆ ಪಕ್ಕದಲ್ಲಿ ಬ್ಯಾಗುಗಳಿಗಷ್ಟೇ ಜಾಗ. ಊರಿಂದ ಬರುವಾಗ ತೆಂಗಿನಕಾಯಿ ಚೀಲ ತುಂಬಿ ಬಾಯಿ ಕಟ್ಟಿದರೆ ಡಿಕ್ಕಿ ಬಾಗಿಲು ಹಾಕಲು ಬರುವುದಿಲ್ಲ. ಇನ್ನೋವಾ ಕಾಲದಲ್ಲಿ ಹಿಂದಿನ ಸೀಟು ಮಡಚಿ ಚೀಲದ ಮೇಲೆ ಚೀಲ ಒಟ್ಟುತ್ತಿದ್ದೆವು. ಈಗ ಅಪ್ಪ ಕಾಯಿಯನ್ನು ಊರಲ್ಲೇ ಸುಲಿಸಿ, ದೊಡ್ಡ ಚೀಲದ ಬದಲು ಅಕ್ಕಿಯ ಚಿಕ್ಕ ಚೀಲಗಳಲ್ಲಿ ಅರ್ಧರ್ಧ ತುಂಬಿಸಿ ಇಡುತ್ತಾರೆ. ಅವನ್ನು ಹಾಸಿದ ಹಾಗೆ ಮಲಗಿಸಿದರೆ ಸರಿಯಾಗಿ ಕೂರುತ್ತವೆ. ಅಮ್ಮನ ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಭರಣಿ ಹಿಂದಿನ ಸೀಟಿನ ಕಾಲ ಹತ್ತಿರ. ಭರಣಿಯನ್ನು ಡಿಕ್ಕಿಯಲ್ಲಿ ಇಡಲೇಬೇಡಿ. ನೆಲ ಎತ್ತರದಲ್ಲಿದೆ, ಒರಗಿಸಲು ಗೋಡೆ ಇಲ್ಲ. ಗುಬ್ಬಿ ದಾಟುವಷ್ಟರಲ್ಲಿ ಉರುಳುತ್ತದೆ.

ಇಬ್ಬರೇ ಬರುವಾಗ ತೊಂದರೆ ಇಲ್ಲ, ಹಿಂದಿನ ಸೀಟು 60:40 ಮಡಚುತ್ತದೆ. ಐದು ಜನ ಕೂತು ಮದುವೆಗೆ ಹೊರಟರೆ ಕಷ್ಟ. ಮೇಲೆ ಕ್ಯಾರಿಯರ್ ಹಾಕಿಸಿ ಅಂತ ಕೆಲವರು ಹೇಳಿದರು. ನನಗೆ ಇಷ್ಟವಿಲ್ಲ. ಗಾಳಿ ತಡೆದು ಮೈಲೇಜು ಇಳಿದರೆ ಹೈಬ್ರಿಡ್ ತಗೊಂಡು ಏನು ಬಂತು? ವಿಟಾರಾ ಸ್ಟ್ರಾಂಗ್‌ನಲ್ಲೂ ಇದೇ ಕಥೆ, ಬ್ಯಾಟರಿ ಅಲ್ಲೂ ಅದೇ ಜಾಗದಲ್ಲಿದೆ. ಭಾವ ಮಗುವಿನ ತಳ್ಳುಗಾಡಿ ಇಟ್ಟರೆ ಬೇರೇನೂ ಹಿಡಿಯುವುದಿಲ್ಲ ಅನ್ನುತ್ತಾರೆ.

ಇಷ್ಟಾದರೂ ಸ್ಟ್ರಾಂಗನ್ನೇ ಯಾಕೆ ತಗೊಂಡೆ? ತೆಂಗಿನಕಾಯಿ ತಿಂಗಳಿಗೊಮ್ಮೆ, ಗೊರಗುಂಟೆಪಾಳ್ಯ ದಿನಾ ಎರಡು ಸಲ. ಲೆಕ್ಕ ಅಷ್ಟೇ.

ಹೈವೇಯಲ್ಲಿ ಒಂದು ಕೊರತೆ ಇದೆ. ಲಾರಿ ಹಿಂದೆ ಹಾಕಲು ಕಾಲು ಪೂರ್ತಿ ಒತ್ತಿದರೆ ಮೂರು ಸಿಲಿಂಡರ್ ಎಂಜಿನ್ ಒರಲುತ್ತದೆ. ವೇಗ ಬರುತ್ತದೆ, ಆದರೆ ಸದ್ದು ಮೊದಲು ಬರುತ್ತದೆ. ಗೆಳೆಯನ ಮೈಲ್ಡ್ ಈ ವಿಷಯದಲ್ಲಿ ಜಾಸ್ತಿ ಮೃದು. ಘಾಟಿ ಇಳಿಯುವಾಗ ಇನ್ನೊಂದು ವಿಚಿತ್ರ. ಬ್ಯಾಟರಿ ಚಿಕ್ಕದು, ಬೇಗ ತುಂಬಿಬಿಡುತ್ತದೆ. ತುಂಬಿದ ಮೇಲೆ ಗಾಡಿ ಎಂಜಿನ್ ಬ್ರೇಕಿಂಗ್‌ಗೆ ಹೋಗುತ್ತದೆ, ಅಂದರೆ ಎಂಜಿನ್ನಿನಿಂದಲೇ ವೇಗ ತಡೆಯುತ್ತದೆ, ಆಕ್ಸಿಲರೇಟರ್ ಮುಟ್ಟದಿದ್ದರೂ ಸದ್ದು ಏರುತ್ತದೆ. ಚಾರ್ಮಾಡಿಯಲ್ಲಿ ಮೊದಲ ಸಲ ಕೇಳಿ ಮನೆಯವರು ಗಾಬರಿಯಾಗಿದ್ದರು. ಅದು ಹಾಗೇ ಇರಬೇಕಾದದ್ದು, ಹೆದರಬೇಡಿ.

ಮೈಲ್ಡ್ ಹೈಬ್ರಿಡ್ ಕೆಟ್ಟ ಗಾಡಿ ಅಲ್ಲವೇ ಅಲ್ಲ. ಡಿಕ್ಕಿ ಒಳ್ಳೆಯದು, ಬೆಲೆ ಕಡಿಮೆ, ಎಂಜಿನ್ ನಯ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿ ಸಿಗುವುದೂ ಮೈಲ್ಡ್‌ನಲ್ಲಿ ಮಾತ್ರ. ಕೊಪ್ಪ, ಶೃಂಗೇರಿ ಕಡೆಯ ಮಳೆಗಾಲದ ತೋಟದ ದಾರಿ ಹತ್ತಬೇಕಾದವರು ಸುಮ್ನೆ ಅದನ್ನೇ ನೋಡಿ.

ವಿಟಾರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಓಡಿಸಿದರೆ ಹೈರೈಡರ್ ಓಡಿಸಿದ ಹಾಗೇ ಇದೆ. ಮಾರುತಿ ಸರ್ವಿಸ್ ಸಣ್ಣ ಊರುಗಳಲ್ಲೂ ಸಿಗುತ್ತದೆ, ಅದು ದೊಡ್ಡ ಅನುಕೂಲ. ನನ್ನ ಸರ್ವಿಸ್ ಎಲ್ಲ ಬೆಂಗಳೂರಿನಲ್ಲೇ ಆಗುವುದರಿಂದ ಅದು ನನಗೆ ಮುಖ್ಯವಾಗಲಿಲ್ಲ. ಹಳೇ ಇನ್ನೋವಾವನ್ನು ಅಷ್ಟು ವರ್ಷ ನೋಡಿಕೊಂಡ ಸರ್ವಿಸ್‌ನವರ ಮೇಲೆ ನಂಬಿಕೆ ಇತ್ತು, ಅಲ್ಲೇ ಉಳಿದೆ.

ಕ್ರಿಸ್ಟಾ ರಾಜನ ಹಾಗಿದೆ, ಒಪ್ಪುತ್ತೇನೆ. ಆದರೆ ಲಕ್ಷ ಕಿಲೋಮೀಟರ್ ಓಡಿದ ಗಾಡಿಗೂ ಹೊಸ ಹೈರೈಡರ್ ಬೆಲೆ ಕೇಳುತ್ತಾರೆ. ನಮ್ಮ ಬೀದಿಯಲ್ಲಿ ಪಾರ್ಕಿಂಗ್ ಬೇರೆ ಇಲ್ಲ.

ಈಗ ದುಡ್ಡು. ನಾನು ತಗೊಂಡಾಗ ಮೈಲ್ಡ್ ಆಟೋಮ್ಯಾಟಿಕ್‌ಗೂ ಸ್ಟ್ರಾಂಗ್‌ಗೂ ತೆರಿಗೆ ಎಲ್ಲ ಸೇರಿ ಸುಮಾರು ಮೂರು ಲಕ್ಷ ವ್ಯತ್ಯಾಸ ಇತ್ತು. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆಯೇ ನೂರಕ್ಕೆ 17, ಮೇಲೆ ಸೆಸ್. ಉತ್ತರ ಪ್ರದೇಶದವರು 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ಈ ತೆರಿಗೆ ಬಿಟ್ಟರು. ಕಾರು ತಯಾರಾಗುವ ರಾಜ್ಯದಲ್ಲಿ ನಮಗೆ ಅಂಥ ರಿಯಾಯಿತಿ ಸಿಗಲಿಲ್ಲ, ಅದು ನನಗೆ ನಿಜಕ್ಕೂ ಬೇಸರ. ತಿಂಗಳಿಗೆ 1500 ಕಿಲೋಮೀಟರ್, ಬಹುಪಾಲು ಊರೊಳಗೇ ಓಡಿಸಿದರೆ ಪೆಟ್ರೋಲಿನಲ್ಲಿ ಐದು ಸಾವಿರದ ಮೇಲೆ ಉಳಿಯುತ್ತದೆ. ಐದು ವರ್ಷದೊಳಗೆ ಆ ಮೂರು ಲಕ್ಷ ವಾಪಸ್. ನಮ್ಮ ಮನೆಯಲ್ಲಿ ಕಾರನ್ನು ಹತ್ತು ವರ್ಷದ ಮೇಲೆ ಇಟ್ಟುಕೊಳ್ಳುವ ರೂಢಿ, ಹಾಗಾಗಿ ನನಗೆ ಲಾಭ. ತಿಂಗಳಿಗೆ 500 ಕಿಲೋಮೀಟರ್ ಓಡಿಸುವವರಿಗೆ ಈ ಲೆಕ್ಕ ಕೂಡುವುದಿಲ್ಲ, ಮೈಲ್ಡ್ ತಗೊಳ್ಳಿ.

ಕಾರು ವಾರಗಟ್ಟಲೆ ನಿಲ್ಲಿಸಿ ಹೋಗುವವರಿಗೆ ಒಂದು ಮಾತು. ಹೈಬ್ರಿಡ್‌ನಲ್ಲಿ ಗಾಡಿ ಓಡಿಸುವ ಬ್ಯಾಟರಿ ಅಲ್ಲದೆ ಮಾಮೂಲು 12 ವೋಲ್ಟ್ ಬ್ಯಾಟರಿಯೂ ಇದೆ. ಅದು ಇಳಿದರೆ ಗಾಡಿ ಏಳುವುದೇ ಇಲ್ಲ. ವಾರಕ್ಕೊಮ್ಮೆ ಯಾರಾದರೂ ಗಾಡಿ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಲಿ.

ಯಾವ ಮಾದರಿ ಅಂತ ಕೇಳಿದರೆ, ಸ್ಟ್ರಾಂಗ್‌ನಲ್ಲಿ ಕಡಿಮೆ ಬೆಲೆಯ ಎಸ್ ಸಾಕು. ದೊಡ್ಡ ಗಾಜಿನ ಸೂರು ಅದರಲ್ಲಿಲ್ಲ. ಆ ಸೂರಿರುವ ಗಾಡಿಯಲ್ಲಿ ಹಿಂದೆ ಕೂತ ಅಪ್ಪನ ತಲೆ ಮೇಲೆ ತಾಗುವಂತಿತ್ತು, ಎಸ್‌ನಲ್ಲಿ ಆರಾಮಾಗಿ ಕೂರುತ್ತಾರೆ. ಉಳಿದ ದುಡ್ಡಿನಲ್ಲಿ ವಾರಂಟಿ ಮುಂದುವರಿಸಿದೆ.