ಗುತ್ತಿಗೆ ಕಾರ್ಮಿಕರ ಸಾಫ್ಟ್‌ವೇರ್ ಬದಲಿಸಿ ಎರಡು ಮಳೆಗಾಲ ಕಳೆದ ಮೇಲೆ: ಬಳಕೆದಾರರ ವಿಮರ್ಶೆ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ, ವಿಬಿ ಮತ್ತು ಆಕ್ಸೆಸ್‌ನಲ್ಲಿ ಬರೆದ ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಂ ತೆಗೆದು ಕ್ಲೌಡ್ ಸಿಎಲ್‌ಎಂಎಸ್ (ಗುತ್ತಿಗೆ ಕಾರ್ಮಿಕರ ಹಾಜರಿ, ವೇತನ, ದಾಖಲೆ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿದ ಮೇಲಿನ ವಿಮರ್ಶೆ ಇದು. ಸಾಫ್ಟ್‌ವೇರ್ ಕಂಪನಿಯ ಹೆಸರು ಬರೆದಿಲ್ಲ. ಈ ವರ್ಗದ ಬಹುತೇಕ ಉತ್ಪನ್ನಗಳ ಗುಣ ದೋಷ ಒಂದೇ ತೆರ. ಕೊಳ್ಳುವವರಿಗೆ ಹೆಸರಿಗಿಂತ, ಯಾವುದನ್ನು ಹೇಗೆ ಪರೀಕ್ಷಿಸಬೇಕು ಎಂಬುದೇ ಹೆಚ್ಚು ಉಪಯೋಗ.

ಡೆಮೊದಲ್ಲಿ ಎಲ್ಲರೂ ತೋರಿಸುವುದು ಗೇಟಿನ ಡ್ಯಾಶ್‌ಬೋರ್ಡ್. ಇಂದು ಒಳಗೆ ಎಷ್ಟು ಜನ, ಯಾವ ಗುತ್ತಿಗೆದಾರನ ಕಡೆಯವರು ಎಷ್ಟು, ಬಣ್ಣ ಬಣ್ಣದ ಚಕ್ರಗಳು. ಅದನ್ನು ನೋಡಿ ನಿರ್ಧರಿಸಬೇಡಿ. ಒಬ್ಬ ಕಾರ್ಮಿಕ ಗೇಟಿನಲ್ಲಿ ಹಾಕಿದ ಪಂಚ್, ಅವನ ಬ್ಯಾಂಕ್ ಖಾತೆಗೆ ಬಿದ್ದ ಸಂಬಳ, ಅವನ ಹೆಸರಿಗೆ ಜಮೆಯಾದ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ಒಂದೇ ಸಾಲಿನಲ್ಲಿ ಎದುರುಬದುರು ಕಾಣಬೇಕು. ಇದನ್ನು ಮಾಡದ ಸಾಫ್ಟ್‌ವೇರ್ ಬರೀ ಹಾಜರಿ ಯಂತ್ರ. ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಮುಖ್ಯ ಉದ್ಯೋಗದಾತನೇ (ಕೆಲಸ ಮಾಡಿಸಿಕೊಳ್ಳುವ ಕಾರ್ಖಾನೆಯೇ) ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದಿದೆ. ಹೊಣೆ ನಮ್ಮದಾದ ಮೇಲೆ ಪುರಾವೆಯೂ ನಮ್ಮ ಕೈಯಲ್ಲೇ ಇರಬೇಕು.

ಹಳೆಯ ಪ್ರೋಗ್ರಾಂ ಯಾಕೆ ಸಾಲದೆ ಬಂತು ಎಂದರೆ, ನಿಯಮಗಳೆಲ್ಲ ಕೋಡಿನ ಒಳಗೇ ಬರೆದಿದ್ದವು. 2019ರ ಜುಲೈಯಲ್ಲಿ ಇಎಸ್‌ಐ ದರ ಕಾರ್ಮಿಕರಿಗೆ 1.75ರಿಂದ 0.75 ಶೇಕಡಕ್ಕೆ, ಮಾಲೀಕರಿಗೆ 4.75ರಿಂದ 3.25ಕ್ಕೆ ಇಳಿದಾಗ ಬರೆದವರನ್ನೇ ಹುಡುಕಬೇಕಾಯಿತು. ಈಗ ಸಂಹಿತೆಗಳ ಪ್ರಕಾರ, ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಾದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಇಂಥದ್ದನ್ನು ಹಳೆಯ ಕೋಡಿನೊಳಗೆ ತೂರಿಸುವುದು ಆಗದ ಮಾತು. ಆಕ್ಸೆಸ್ ಕಡತ 2 ಜಿಬಿ ದಾಟುವಂತಿಲ್ಲ. ಅದು ಓಡುತ್ತಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸದನ್ನು ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಪ್ರತಿ ದರಕ್ಕೂ ‘ಈ ದಿನಾಂಕದಿಂದ ಅನ್ವಯ’ ಎಂಬ ಕಾಲಂ ಇದೆಯೇ, ಅದನ್ನು ನಾವೇ ತುಂಬಬಹುದೇ? ರಾಜ್ಯದ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಕೇಂದ್ರದ್ದು ಏಪ್ರಿಲ್ 1 ಮತ್ತು ಅಕ್ಟೋಬರ್ 1, ಎರಡು ಸಲ. ಕೇಂದ್ರದ ದರ ನಡೆಯುವ ಪಣಂಬೂರಿನ ಬಂದರಿನಲ್ಲೂ ರಾಜ್ಯದ ದರ ನಡೆಯುವ ನಮ್ಮಲ್ಲೂ ಕೆಲಸ ಹಿಡಿದಿರುವ ಗುತ್ತಿಗೆದಾರನಿಗೆ ಎರಡೂ ಪಟ್ಟಿ ಬೇಕು. ಈಗಿನ ಸಾಫ್ಟ್‌ವೇರ್ ಇದರಲ್ಲಿ ಗೆದ್ದಿದೆ. ವೃತ್ತಿ ತೆರಿಗೆ ಮಾತ್ರ ಎಡವಿತು. 25,000 ಅಥವಾ ಅದಕ್ಕೂ ಹೆಚ್ಚು ಸಂಬಳವಿದ್ದರೆ ತಿಂಗಳಿಗೆ 200, ಫೆಬ್ರವರಿಗೆ 300 ಎಂದಾದ ಮೇಲೆ, ತಿಂಗಳಿಗೊಂದು ದರ ಹಾಕುವ ಜಾಗವೇ ಅದರಲ್ಲಿ ಇರಲಿಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಬಂತು.

ಕೊಟ್ಟ ಹಣ ಸಾರ್ಥಕ ಎನಿಸಿದ್ದು ಇಸಿಆರ್ (ಪಿಎಫ್ ಕಟ್ಟಲು ಪ್ರತಿ ತಿಂಗಳು ಸಲ್ಲಿಸುವ, ಒಬ್ಬೊಬ್ಬ ಕಾರ್ಮಿಕನ ಸಾಲಿರುವ ಪಟ್ಟಿ) ತಾಳೆ ನೋಡುವ ಭಾಗದಲ್ಲಿ. ಗುತ್ತಿಗೆದಾರ ತನ್ನ ಪಿಎಫ್ ಕೋಡ್‌ನಲ್ಲಿ ಎಲ್ಲ ಸೈಟುಗಳ ಕಾರ್ಮಿಕರನ್ನೂ ಸೇರಿಸಿ ಒಂದೇ ಇಸಿಆರ್ ಹಾಕುತ್ತಾನೆ. ಬೈಕಂಪಾಡಿಯಲ್ಲಿ 40, ಪಣಂಬೂರಿನಲ್ಲಿ 60, ನಂದಿಕೂರಿನಲ್ಲಿ 30 ಜನ ಇದ್ದರೆ ಚಲನ್ ಒಂದೇ, 130 ಜನರದ್ದು. ಆ ಚಲನ್‌ನ ಪ್ರತಿಯನ್ನು ಮೂರೂ ಕಡೆ ಬಿಲ್ಲಿಗೆ ಲಗತ್ತಿಸುತ್ತಾರೆ. ಮೊತ್ತ ದೊಡ್ಡದಿರುವುದರಿಂದ ಅಕೌಂಟ್ಸ್‌ನವರಿಗೆ ಅನುಮಾನ ಬರುವುದಿಲ್ಲ. ನಮ್ಮ 40ರಲ್ಲಿ 9 ಜನ ಆ ಪಟ್ಟಿಯಲ್ಲೇ ಇಲ್ಲದಿದ್ದರೂ ಚಲನ್ ನೋಡಿ ಅದು ಗೊತ್ತಾಗದು. ಸಾಫ್ಟ್‌ವೇರ್ ಇಸಿಆರ್ ಕಡತವನ್ನೇ ತೆಗೆದುಕೊಂಡು ಯುಎಎನ್ (ಒಬ್ಬೊಬ್ಬ ಕಾರ್ಮಿಕನ ಪಿಎಫ್ ಸಂಖ್ಯೆ) ಪ್ರಕಾರ ನಮ್ಮ ಗೇಟಿನ ಪಟ್ಟಿಯೊಂದಿಗೆ ಹೋಲಿಸಬೇಕು. ಹೆಸರಿನ ಮೇಲೆ ಹೋಲಿಸುವುದು ಕೆಲಸಕ್ಕೆ ಬಾರದು.

ಎನ್‌ಸಿಪಿ ದಿನಗಳ (ವೇತನವಿಲ್ಲದ, ಹಾಗಾಗಿ ಪಿಎಫ್ ಕಟ್ಟದ ದಿನಗಳ) ಕಾಲಂ ಇನ್ನೂ ಮುಖ್ಯ. ಗೇಟಿನಲ್ಲಿ 26 ದಿನ ಹಾಜರಿ ಇರುವವನಿಗೆ ಇಸಿಆರ್‌ನಲ್ಲಿ 11 ಎನ್‌ಸಿಪಿ ದಿನ ತೋರಿಸಿದ್ದರೆ, ಅವನ ವೇತನವನ್ನು ಕಡಿಮೆ ತೋರಿಸಿ ಪಿಎಫ್ ಕಟ್ಟಿದ್ದಾರೆ ಎಂದರ್ಥ. ಕಾರ್ಮಿಕನ ಸಂಬಳದಿಂದ ಪೂರ್ತಿ ಕಡಿತ ಆಗಿರುತ್ತದೆ, ಖಾತೆಗೆ ಹೋಗಿರುವುದು ಅರ್ಧಂಬರ್ಧ. ನಿವೃತ್ತಿಗೋ ಮಗಳ ಮದುವೆಗೋ ಹಣ ತೆಗೆಯಲು ಹೋದಾಗ ಅವನಿಗೆ ಇದು ತಿಳಿಯುತ್ತದೆ. ಅಷ್ಟರಲ್ಲಿ ಗುತ್ತಿಗೆದಾರ ಬದಲಾಗಿರುತ್ತಾನೆ. ಪ್ರತಿ ತಿಂಗಳೂ ಈ ವ್ಯತ್ಯಾಸವನ್ನು ಕೆಂಪಿನಲ್ಲಿ ತೋರಿಸುವ ಒಂದೇ ಸೌಲಭ್ಯಕ್ಕಾಗಿ ಹಳೆಯದನ್ನು ಬದಲಿಸಬಹುದು.

ಇದನ್ನು ಬಿಲ್ಲಿಗೆ ಜೋಡಿಸುವಾಗ ಒಂದು ಎಚ್ಚರ. ಪಿಎಫ್ ಮತ್ತು ಇಎಸ್‌ಐ ಕಟ್ಟಲು ಮುಂದಿನ ತಿಂಗಳ 15ರವರೆಗೆ ಅವಕಾಶವಿದೆ, ಸಂಬಳ ಮಾತ್ರ 7ರೊಳಗೆ ಆಗಬೇಕು. ಆದ್ದರಿಂದ ಜೂನ್ ಬಿಲ್ಲಿಗೆ ಮೇ ತಿಂಗಳ ಇಸಿಆರ್ ಪುರಾವೆ ಕೇಳುವಂತೆ ಸೆಟ್ ಮಾಡಿ. ತಾಳೆಯಾಗದಿದ್ದರೆ ಇಡೀ ಬಿಲ್ಲನ್ನು ತಡೆಹಿಡಿಯಬೇಡಿ. ಸಣ್ಣ ಗುತ್ತಿಗೆದಾರನ ಬಿಲ್ ನಿಂತರೆ ಮೊದಲು ನಿಲ್ಲುವುದು ಕಾರ್ಮಿಕರ ಸಂಬಳ. ತಾಳೆಯಾಗದ ಸಾಲುಗಳ ಪಿಎಫ್ ಮತ್ತು ಇಎಸ್‌ಐ ಮೊತ್ತವನ್ನಷ್ಟೇ ಹಿಡಿದಿಡುವ ಆಯ್ಕೆ ಇರಬೇಕು. ನಮ್ಮದರಲ್ಲಿ ಮೊದಲು ಇರಲಿಲ್ಲ, ಒಪ್ಪಂದದಲ್ಲಿ ಬರೆಸಿ ಮಾಡಿಸಿಕೊಂಡದ್ದು.

ಗೇಟಿನ ಯಂತ್ರಗಳ ಬಗ್ಗೆ ಕರಾವಳಿಯವರು ಕೇಳಿಸಿಕೊಳ್ಳಬೇಕಾದ ಮಾತು ಇದೆ. ಬೆರಳಚ್ಚು ಯಂತ್ರ ಇಲ್ಲಿ ಬಹಳ ಕಡೆ ನಡೆಯುವುದಿಲ್ಲ. ಗೋಡಂಬಿ ಕಾರ್ಖಾನೆಯಲ್ಲಿ ಚಿಪ್ಪಿನ ಎಣ್ಣೆ ತಾಗಿ ಬೆರಳ ತುದಿಯ ಚರ್ಮ ಸುಲಿಯುತ್ತದೆ, ಗೆರೆಗಳೇ ಉಳಿಯುವುದಿಲ್ಲ. ಮೀನು ಸಂಸ್ಕರಣೆಯಲ್ಲಿ ದಿನವಿಡೀ ಮಂಜುಗಡ್ಡೆ ಮತ್ತು ನೀರಿನಲ್ಲಿ ಕೈಯಿಟ್ಟವರ ಬೆರಳು ಸುಕ್ಕುಗಟ್ಟಿರುತ್ತದೆ. ಸಿಮೆಂಟ್ ಕೆಲಸದವರದ್ದೂ ಅದೇ ಪಾಡು. ಪಂಚ್ ಬೀಳದಿದ್ದರೆ ಸೂಪರ್‌ವೈಸರ್ ಕೈಯಿಂದ ಹಾಜರಿ ಹಾಕುತ್ತಾನೆ, ಅಲ್ಲಿಂದಲೇ ಸುಳ್ಳು ಹಾಜರಿಯ ಬಾಗಿಲು ತೆರೆಯುತ್ತದೆ. ಮುಖ ಗುರುತಿಸುವ ಯಂತ್ರ ವಾಸಿ. ಆದರೆ ಕಾರ್ಮಿಕನ ಬೆನ್ನ ಹಿಂದಿನಿಂದ ಬೆಳಕು ಬರುವ ಜಾಗದಲ್ಲಿ ಅದನ್ನು ಇಡಬಾರದು. ಜೂನ್ ತಿಂಗಳ ಬೆಳಿಗ್ಗೆ ಆರಕ್ಕೆ ಮೋಡ ಕವಿದ ಕತ್ತಲೆ, ತಲೆ ಮೇಲೆ ರೇನ್‌ಕೋಟ್ ಟೋಪಿ. ಯಂತ್ರದ ಮೇಲೆ ಮಾಡು ಮತ್ತು ಎದುರಿಗೆ ಒಂದು ದೀಪ ಇದ್ದರೆ ಮುಕ್ಕಾಲು ತೊಂದರೆ ತೀರುತ್ತದೆ. ಹೆಲ್ಮೆಟ್ ಹಾಕಿಕೊಂಡೂ ಹಾಕದೆಯೂ ಎರಡು ಸಲ ನೋಂದಣಿ ಮಾಡಿಸಿ. ಹಳೆಯ ಯಂತ್ರದ ಟೆಂಪ್ಲೇಟ್‌ಗಳು (ಅದು ಉಳಿಸಿಟ್ಟ ಮುಖ, ಬೆರಳಿನ ಗುರುತುಗಳು) ಬೇರೆ ಕಂಪನಿಯ ಯಂತ್ರಕ್ಕೆ ಹೋಗುವುದಿಲ್ಲ, ಎಲ್ಲರ ನೋಂದಣಿ ಹೊಸದಾಗಿ ಆಗಲೇಬೇಕು.

ಸಿಡಿಲು ಮರೆಯಬೇಡಿ. ಏಪ್ರಿಲ್, ಮೇಯಲ್ಲೂ ಅಕ್ಟೋಬರಿನಲ್ಲೂ ಗೇಟಿನಿಂದ ಕಚೇರಿಗೆ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲ್ ಮೂಲಕವೇ ಹೊಡೆತ ಬಂದು ಎರಡೂ ತುದಿಯ ಯಂತ್ರ ಸುಡುತ್ತದೆ. ಗೇಟಿಗೆ ಫೈಬರ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾಮಾನ್ಯ ನೆಟ್‌ವರ್ಕ್ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಹಾಕಿದರೆ ಆ ದಾರಿ ಮುಚ್ಚುತ್ತದೆ. ನೆಟ್ ಇಲ್ಲದಾಗ ಪಂಚ್‌ಗಳನ್ನು ಯಂತ್ರವೇ ಹಿಡಿದಿಟ್ಟುಕೊಂಡು, ಬಂದ ಮೇಲೆ ಮೂಲ ಸಮಯದೊಂದಿಗೆ ಕಳಿಸಬೇಕು. ಕಳಿಸಿದ ಸಮಯವನ್ನೇ ಪಂಚ್ ಸಮಯ ಎಂದು ದಾಖಲಿಸುವ ಉತ್ಪನ್ನಗಳೂ ಇವೆ. ಡೆಮೊದಲ್ಲಿ ಕೇಬಲ್ ಕಿತ್ತು, ಒಂದು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿದರೆ ಸತ್ಯ ತಿಳಿಯುತ್ತದೆ.

ಹಳೆಯ ಡೇಟಾ ತರುವ ಕೆಲಸಕ್ಕೆ ಮಾರಾಟದವರು ಹೇಳುವ ಸಮಯವನ್ನು ನಂಬಬೇಡಿ. ಕನ್ನಡ ಹೆಸರುಗಳು ಹಳೆಯ ಪ್ರೋಗ್ರಾಂನಲ್ಲಿ ನುಡಿ ಅಕ್ಷರಶೈಲಿಯಲ್ಲಿ ಕುಳಿತಿವೆ, ಯುನಿಕೋಡ್‌ನಲ್ಲಿ ಅಲ್ಲ. ಹಾಗೇ ಎಕ್ಸ್‌ಪೋರ್ಟ್ ಮಾಡಿದರೆ ರೋಮನ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ ಗೆರೆ ಇಟ್ಟಂತಹ ಕಲಸುಮೇಲೋಗರ ಬರುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತೊಂದರೆ ಏನೆಂದರೆ, ಒಂದೇ ಕಾಲಂನಲ್ಲಿ ಕೆಲವು ಹೆಸರು ನುಡಿಯಲ್ಲಿ, ಕೆಲವು ಇಂಗ್ಲಿಷ್‌ನಲ್ಲಿ ಇರುತ್ತವೆ. ಒಟ್ಟಿಗೆ ಪರಿವರ್ತಿಸಿದರೆ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಮೊದಲು ಎರಡನ್ನೂ ಬೇರ್ಪಡಿಸಿ, ನುಡಿಯ ಸಾಲುಗಳನ್ನಷ್ಟೇ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ನೋಡಿ.

ಆಮೇಲೆ ಆಧಾರ್ ಜೊತೆ ಹೋಲಿಕೆ. ನಮ್ಮೂರಿನವರ ಮನೆಹೆಸರಿನ ಅಕ್ಷರ ಒಂದು ಕಡೆ ಹೆಸರಿನ ಹಿಂದೆ, ಇನ್ನೊಂದು ಕಡೆ ಮುಂದೆ. ಪೂಜಾರಿ, ಶೆಟ್ಟಿ, ಮೂಲ್ಯ ಎಂಬುದು ಹಾಜರಿ ಪುಸ್ತಕದಲ್ಲಿದ್ದು ಆಧಾರ್‌ನಲ್ಲಿ ಇರುವುದಿಲ್ಲ. ಒಡಿಶಾ, ಬಿಹಾರ, ಬಂಗಾಳದವರ ಹೆಸರನ್ನು ಕೇಳಿದ ಹಾಗೆ ಬರೆದದ್ದೇ ಬೇರೆ, ದಾಖಲೆಯಲ್ಲಿ ಇರುವುದೇ ಬೇರೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಹಾಕಿರುತ್ತಾರೆ. ಒಬ್ಬನೇ ಕಾರ್ಮಿಕ ಮೂರು ಗುತ್ತಿಗೆದಾರರ ಕೈಕೆಳಗೆ ಮೂರು ಸಂಖ್ಯೆಯಲ್ಲಿ ಇರುತ್ತಾನೆ, ಕೆಲವರಿಗೆ ಎರಡು ಯುಎಎನ್ ಕೂಡ. ಇದನ್ನು ಸರಿಪಡಿಸದೆ ಹೊಸದಕ್ಕೆ ತುಂಬಿದರೆ ಇಸಿಆರ್ ತಾಳೆ ನೋಡುವ ಭಾಗವೇ ನಿಷ್ಪ್ರಯೋಜಕ. ಹಳೆಯದನ್ನೆಲ್ಲ ತರಬೇಡಿ. ಈಗ ಗೇಟಿನೊಳಗೆ ಬರುತ್ತಿರುವವರ ವಿವರ ಮಾತ್ರ ಶುದ್ಧ ಮಾಡಿ ತನ್ನಿ. ಉಳಿದದ್ದು ಓದಲು ಮಾತ್ರ ಸಿಗುವಂತೆ ಹಳೆಯ ಕಡತದಲ್ಲೇ ಇರಲಿ. ಪಿಎಫ್ ಬಾಕಿ ವಿಚಾರಣೆಯನ್ನು ಐದು ವರ್ಷದ ಹಿಂದಿನ ಅವಧಿಗೂ ಆರಂಭಿಸಬಹುದಾದ್ದರಿಂದ ಅದನ್ನು ಅಳಿಸುವಂತಿಲ್ಲ. ಆಧಾರ್ ಸಂಖ್ಯೆ ಪರದೆಯ ಮೇಲೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣಲಿ. ಗೇಟಿನ ಗಾರ್ಡ್‌ಗೆ ಪೂರ್ತಿ ಸಂಖ್ಯೆ ಕಾಣುವ ಅಗತ್ಯವೇ ಇಲ್ಲ.

ಒಪ್ಪಿಕೊಳ್ಳುವ ಮುನ್ನ ನಡೆಸುವ ಪರೀಕ್ಷೆಗೆ ಸುಲಭದ ಕಾರ್ಮಿಕರನ್ನು ಆರಿಸಬೇಡಿ. ರಾತ್ರಿ ಹತ್ತಕ್ಕೆ ಒಳಬಂದು ಬೆಳಿಗ್ಗೆ ಆರಕ್ಕೆ ಹೊರಹೋದವನಿಗೆ ಒಂದು ದಿನದ ಹಾಜರಿ ಬರುತ್ತದೆಯೇ, ಎರಡು ಅರ್ಧ ದಿನ ಬರುತ್ತದೆಯೇ ನೋಡಿ. ಅವನೇ ಡಬಲ್ ಡ್ಯೂಟಿ ಮಾಡಿದರೆ ಓಟಿ ಎರಡು ಪಟ್ಟು ದರದಲ್ಲಿ ಬರಬೇಕು. ಇಎಸ್‌ಐ ವೇತನ 17,900 ಇದ್ದವನ ಪಾಲು 134.25. ಇಎಸ್‌ಐ ನಿಯಮದಂತೆ ಅದು 135 ಆಗಬೇಕು, 134 ತೋರಿಸಿದರೆ ಸಾಮಾನ್ಯ ದುಂಡು ಲೆಕ್ಕ ಬಳಸಿದ್ದಾರೆ. ಜೂನ್‌ನಲ್ಲಿ ಸಂಬಳ 21,000 ದಾಟಿದವನ ಇಎಸ್‌ಐ ಸೆಪ್ಟೆಂಬರ್ ಕೊನೆಯವರೆಗೆ ಮುಂದುವರಿಯಬೇಕು, ಜುಲೈಯಲ್ಲೇ ನಿಲ್ಲಬಾರದು. ಪಿಎಫ್ 15,000ದ ಮಿತಿಯಲ್ಲಿ ಕಟ್ಟುವವನಿಗೆ ಅವನ ಪಾಲು 1,800, ಮಾಲೀಕರ ಪಾಲಿನಲ್ಲಿ ಪಿಂಚಣಿಗೆ 1,250 ಮತ್ತು ಉಳಿದ 550 ಪಿಎಫ್‌ಗೆ. ತಿಂಗಳ ಮಧ್ಯದಲ್ಲಿ ಗುತ್ತಿಗೆದಾರ ಬದಲಾದವನು, ಕೆಲಸ ಬಿಟ್ಟವನು (ಎರಡು ಕೆಲಸದ ದಿನದೊಳಗೆ ಅವನ ಬಾಕಿ ತೀರಬೇಕು), ವೈದ್ಯಕೀಯ ತಪಾಸಣೆಯ ಅವಧಿ ನಿನ್ನೆ ಮುಗಿದವನು ಎಲ್ಲರೂ ಪಟ್ಟಿಯಲ್ಲಿರಲಿ. ಗುತ್ತಿಗೆದಾರನ ಲೈಸೆನ್ಸ್ 50 ಜನಕ್ಕಿದ್ದರೆ 51ನೆಯವನಿಗೆ ಗೇಟ್ ತೆರೆಯಬಾರದು. ವಾರ್ಷಿಕ ಶಟ್‌ಡೌನ್ ಕಾಲದಲ್ಲಿ ಎಡವಟ್ಟಾಗುವುದು ಇಲ್ಲೇ. ಹಳೆಯದನ್ನೂ ಹೊಸದನ್ನೂ ಎರಡು ಪೂರ್ತಿ ಸಂಬಳದ ತಿಂಗಳು ಜೊತೆಯಾಗಿ ಓಡಿಸಿ, ಒಟ್ಟು ಮೊತ್ತವಲ್ಲ, ಒಬ್ಬೊಬ್ಬರ ಸಾಲನ್ನೂ ಹೋಲಿಸಿ.

ನಿರಾಶೆ ಆದದ್ದು ಎರಡು ಕಡೆ. ಕನ್ನಡ ವೇತನ ಚೀಟಿಯ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಒಡೆದು ಬಿದ್ದವು. ಪರದೆಯಲ್ಲಿ ಸರಿ ಇರುವ ‘ಲಕ್ಷ್ಮೀ’, ‘ವಿಶ್ವನಾಥ’ ಮುದ್ರಣದಲ್ಲಿ ತುಂಡು ತುಂಡು. ಪಿಡಿಎಫ್ ತಯಾರಿಸುವ ಭಾಗ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಮಾಡದಿರುವುದೇ ಕಾರಣ, ಫಾಂಟ್ ಬದಲಿಸಿದರೆ ಸರಿಹೋಗದು. ದೂರು ಕೊಟ್ಟು ಬಹಳ ಕಾಲದ ಮೇಲೆ ಸರಿಯಾಯಿತು. ಓದಲಾಗದ ಚೀಟಿ ಕೊಟ್ಟರೆ ಕಾರ್ಮಿಕನಿಗೆ ತನ್ನ ಲೆಕ್ಕ ಕೇಳುವ ಹಕ್ಕೇ ಇಲ್ಲದಂತಾಗುತ್ತದೆ. ಆದ್ದರಿಂದ ಇದನ್ನು ಸಣ್ಣ ದೋಷ ಎಂದು ಬಿಡಬೇಡಿ.

ಇನ್ನೊಂದು ಪೀಸ್ ರೇಟ್. ದಿನಗೂಲಿ ಲೆಕ್ಕಕ್ಕೇ ಕಟ್ಟಿದ ಸಾಫ್ಟ್‌ವೇರ್ ಇದು. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಎಕ್ಸೆಲ್‌ನಿಂದ ಮೊತ್ತ ತುಂಬಬೇಕು, ಆ ದಿನದ ಗಳಿಕೆ ಕನಿಷ್ಠ ವೇತನಕ್ಕಿಂತ ಕೆಳಗೆ ಹೋದರೆ ಎಚ್ಚರಿಸುವುದಿಲ್ಲ. ಕಾರ್ಕಳ, ಕುಂದಾಪುರ ಕಡೆಯ ಗೋಡಂಬಿ ಕಾರ್ಖಾನೆಯವರು ಇಂಥದ್ದನ್ನು ಕೊಳ್ಳಬೇಡಿ ಎಂದೇ ಹೇಳಬೇಕಾಗುತ್ತದೆ.

ದರದ ವಿಷಯ. ತಿಂಗಳಿಗೆ ತಲೆಗಿಷ್ಟು ಎಂಬ ಲೆಕ್ಕದಲ್ಲಿ ‘ತಲೆ’ ಯಾವುದು ಎಂದು ಬರಹದಲ್ಲಿ ಪಡೆಯಿರಿ. ನೋಂದಾಯಿತ ಎಲ್ಲರಿಗೂ ಎಂದಿದ್ದರೆ, ಮಲ್ಪೆ ಅಥವಾ ಉಳ್ಳಾಲದ ಮೀನು ಸಂಸ್ಕರಣಾ ಘಟಕಕ್ಕೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಕಾಲದಲ್ಲೂ ಪೂರ್ತಿ ಬಿಲ್ ಬರುತ್ತದೆ. ಆ ತಿಂಗಳು ಕನಿಷ್ಠ ಒಂದು ಪಂಚ್ ಇರುವವರಿಗೆ ಮಾತ್ರ ಎಂದು ಬರೆಸಿದರೆ ಆ ನಷ್ಟ ತಪ್ಪುತ್ತದೆ. ಸಹಾಯವಾಣಿ ಬೆಂಗಳೂರಿನಿಂದ, ಬೆಳಿಗ್ಗೆ ಹತ್ತರ ಮೇಲೆ. ಗೇಟಿನ ಸಮಸ್ಯೆ ಬರುವುದು ಆರು ಗಂಟೆಗೆ. ಪಾಳಿ ಬದಲಾಗುವ ಹೊತ್ತಿಗೆ ಫೋನ್ ಎತ್ತುವವರು ಬೇಕೆಂದು ಒಪ್ಪಂದದಲ್ಲೇ ಇರಲಿ. ಬಿಟ್ಟುಹೋಗುವ ಷರತ್ತನ್ನೂ ಸಹಿ ಹಾಕುವ ಮೊದಲೇ ಬರೆಸಿ: ಕಚ್ಚಾ ಪಂಚ್ ದಾಖಲೆ, ವೇತನ ಸಾಲುಗಳು, ಇಸಿಆರ್ ತಾಳೆ ವರದಿ, ಅಪ್‌ಲೋಡ್ ಮಾಡಿದ ದಾಖಲೆಗಳು ಎಲ್ಲವೂ ಸಿಎಸ್‌ವಿ ಮತ್ತು ಮೂಲ ಕಡತಗಳ ರೂಪದಲ್ಲಿ, ಪ್ರತ್ಯೇಕ ಶುಲ್ಕವಿಲ್ಲದೆ, ವರ್ಷಕ್ಕೊಮ್ಮೆ ನಮ್ಮ ಡಿಸ್ಕಿಗೆ. ನಾವು ಅದನ್ನು ಪ್ರತಿ ಏಪ್ರಿಲ್‌ನಲ್ಲಿ ಇಳಿಸಿಕೊಂಡು, ಕೆಲವು ಕಾರ್ಮಿಕರ ಸಾಲುಗಳನ್ನು ತೆರೆದು ಓದಿ, ತಾಳೆ ನೋಡಿ ಇಡುತ್ತೇವೆ.