ಕಲಬುರಗಿ ರಿಂಗ್ ರೋಡ್ ಆಚೆ ‘ಸೆಕೆಂಡ್ ಫೇಸ್’ ಪ್ಲಾಟ್ ತಗೊಳ್ಳೋ ಮುಂಚೆ ಇದನ್ನ ಓದ್ರಿ

ಆಳಂದ ರೋಡ್, ಹುಮನಾಬಾದ್ ರೋಡ್, ಸೇಡಂ ರೋಡ್, ಯಾವ ಕಡೆ ಹೋದರೂ ರಿಂಗ್ ರೋಡ್ ದಾಟಿದ ಮೇಲೆ ಕಲ್ಲು ನೆಟ್ಟ ಹೊಲಗಳೇ. ಒಂದೇ ಗೇಟು, ಒಂದೇ ಬೋರ್ಡು, ಒಳಗೆ ಎರಡು ತರಹದ ಪ್ಲಾಟು. ರಸ್ತೆಗೆ ಹತ್ತಿದ್ದು, ಅಂದರೆ ‘ಫಸ್ಟ್ ಫೇಸ್’, ಎನ್.ಎ. (ಹೊಲವನ್ನ ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಪಡೆದದ್ದು. ಅದು ಪಗಾರ ಚೀಟಿ ಇದ್ದವರಿಗೆ, ಬ್ಯಾಂಕ್ ಸಾಲದ ಮೇಲೆ. ಹಿಂದಿನದು, ಅಂದರೆ ‘ಸೆಕೆಂಡ್ ಫೇಸ್’, ಕಾಗದದಲ್ಲಿ ಇನ್ನೂ ಹೊಲ. ಅದು ಗೌಂಡಿ, ಆಟೋದವರು, ದಾಲ್ ಮಿಲ್ ಹಮಾಲರಿಗೆ, ನೋಂದಣಿ ಇಲ್ಲದೆ ಬಾಂಡ್ ಪೇಪರ್ ಮೇಲೆ, ಕಂತಿನಲ್ಲಿ. ನಮಗೆ ಮಾರಿದ್ದು ಎರಡನೆಯದನ್ನು, ಮೊದಲನೆಯದರ ಕಾಗದ ತೋರಿಸಿ. ಮೊದಲನೆಯದರ ಕಾಗದ ತೋರಿಸಿ!

ತೋರಿಸುವ ಎನ್.ಎ. ಆದೇಶ ಖೊಟ್ಟಿ ಅಲ್ಲ, ಅಲ್ಲೇ ಮೋಸ ಇರೋದು. ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನ ಪರಿವರ್ತನೆ ಆದೇಶದಲ್ಲಿ ಬರೆದ ಹಿಸ್ಸಾಕ್ಕೆ (ಸರ್ವೆ ನಂಬರಿನ ಪಾಲಿಗೆ), ಬರೆದಷ್ಟೇ ಎಕರೆ-ಗುಂಟೆಗೆ ಮಾತ್ರ ಅನ್ವಯ. ಸರ್ವೆ ನಂಬರ್ ಒಂದೇ, ಹಿಸ್ಸಾ ಬೇರೆ. ಝೆರಾಕ್ಸಿನಲ್ಲಿ ವಿಸ್ತೀರ್ಣದ ಪುಟವೇ ಇರಲಿಲ್ಲ. ಬಣ್ಣದ ನಕ್ಷೆಯಲ್ಲಿ ಎರಡೂ ಫೇಸ್ ಇದ್ದವು, ಪ್ರಾಧಿಕಾರದ ಮೊಹರು ಇರಲಿಲ್ಲ.

ರೇಟು ಯಾಕೆ ಕಮ್ಮಿ ಅಂತ ಲೆಕ್ಕ ಹಾಕಿ ನೋಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಅನುಮೋದಿತ ಲೇಔಟಿನಲ್ಲಿ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟರೆ ಹೆಚ್ಚುಕಮ್ಮಿ ಅರ್ಧ ಉಳೀತದೆ. 30×40ರ ಪ್ಲಾಟು ಹದಿನೆಂಟು-ಇಪ್ಪತ್ತು, ಅಷ್ಟೇ. ಹಿಂದಿನ ಹೊಲದಲ್ಲಿ ಗುಂಟೆ ಲೆಕ್ಕಕ್ಕೆ ಮಾರಿ ನಲವತ್ತು ಮಂದಿಯ ಹತ್ತಿರ ರೊಕ್ಕ ಎಣಿಸುತ್ತಾರೆ. ಗುಂಟೆ 1,089 ಚದರ ಅಡಿ, ಅದರೊಳಗಿಂದಲೇ ರಸ್ತೆಗೂ ಕತ್ತರಿಸುತ್ತಾರೆ. ಕೊನೆಗೆ ಉಳಿಯೋದು ನೀರಿನ ಟ್ಯಾಂಕರ್ ತಿರುಗದ ಸಂದಿ. ಚರಂಡಿಗೆ ಜಾಗವೇ ಇಲ್ಲ. ಕರಿ ಎರೆ ಮಣ್ಣು, ಮಳೆಗಾಲದಲ್ಲಿ ಬೈಕ್ ಕೂಡ ಒಳಗೆ ಬರೋದಿಲ್ಲ.

ಮುಂದಿನ ಫೇಸಿನಲ್ಲಿ ಮನೆಗಳು ಎದ್ದ ಮೇಲೆ ನಡುವೆ ಕಂಪೌಂಡ್ ಗೋಡೆ ಬಂತು. ನಕ್ಷೆಯಲ್ಲಿ 30 ಅಡಿ ರಸ್ತೆ ಅಂತ ಇದ್ದ ಜಾಗದ ಮೇಲೇ. ಕೇಳಿದ್ದಕ್ಕೆ ಮಾರಿದವರಿಂದ ಬಂದ ಉತ್ತರ: “ಆ ರಸ್ತಿ ಫಸ್ಟ್ ಫೇಸಿನವರದ್ದು. ನಿಮಗ ಹಿಂದ ಹೊಲದ ದಾರಿ ಅದ ಅಲ್ರಿ.” ಹಣ ಎಣಿಸಿಕೊಳ್ಳುವಾಗ ಮುಂದಿನ ಗೇಟಿನಿಂದಲೇ ಕರೆದುಕೊಂಡು ಹೋಗಿದ್ದರು. ಎನ್.ಎ. ಯಾವಾಗ ಅಂದರೆ “ಫೈಲ್ ಡಿ.ಸಿ. ಆಫೀಸಿನಾಗ ಅದ, ಎರಡು ತಿಂಗಳು.” ಯಾವಾಗ ಕೇಳಿದರೂ ಎರಡೇ ತಿಂಗಳು. ಬ್ಯಾಂಕಿನವರು ಸಾಲ ಆಗೋದಿಲ್ಲ ಅಂದಿದ್ದನ್ನ ಹೇಳಿದಾಗ, “ಸಾಲ ಬೇಕಿದ್ರ ಮುಂದಿನ ಪ್ಲಾಟ್ ತಗೋಬೇಕಿತ್ತು. ನಿಮ್ಮ ರೇಟಿಗೆ ಇಷ್ಟೇ ಬರ್ತದ.” ಈ ಮಾತು ಇವತ್ತಿಗೂ ಹೊಟ್ಟೆ ಉರಿಸ್ತದೆ. ನಮ್ಮ ರೇಟು ಅಂತೆ. ಗುಂಟೆ ಲೆಕ್ಕ ಹಿಡಿದರೆ ಒಂದು ಎಕರೆಗೆ ಹೆಚ್ಚು ಮಂದಿಯಿಂದ ವಸೂಲಿ ಮಾಡಿದ್ದು ಹಿಂದಿನ ಹೊಲದಿಂದಲೇ.

ಬಾಂಡ್ ಮೇಲಿನ ನೋಟರಿ ಮೊಹರು ನೋಡಿ ಧೈರ್ಯ ತಗೋಬೇಡಿ. ಜಿ.ಪಿ.ಎ. (ಅಧಿಕಾರ ಪತ್ರ), ಕರಾರು ಪತ್ರದಿಂದ ಮಾಲೀಕತ್ವ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇನ್ನೊಂದು ದೊಡ್ಡ ಅಪಾಯ: ಇ.ಸಿ. (ಋಣಭಾರ ಪತ್ರ) ತೆಗೆಸಿದರೆ ನೋಂದಣಿ ಆದದ್ದಷ್ಟೇ ಕಾಣ್ತದೆ, ಬಾಂಡ್ ವ್ಯವಹಾರ ಕಾಣೋದಿಲ್ಲ. ಅದೇ ಪ್ಲಾಟನ್ನ ಬಾಂಡ್ ಮೇಲೆ ಇನ್ನೊಬ್ಬರಿಗೆ ಮಾರಿದ್ದರೂ ಇ.ಸಿ. ಕ್ಲೀನ್ ಬರ್ತದೆ.

ಬಯಾನಾ ಕೊಡೋ ಮುಂಚೆ ಪಹಣಿಯನ್ನ ನೀವೇ ತೆಗೀರಿ, ಹಿಸ್ಸಾ ನಂಬರ್ ಆದೇಶದ ಜೊತೆ ತಾಳೆ ನೋಡಿ, 11ನೇ ಕಾಲಮಿನಲ್ಲಿ ಸಾಲ ಇದೆಯಾ ನೋಡಿ. ನಕ್ಷೆ ಹಿಡಿದು ಪ್ರಾಧಿಕಾರದ ಕಚೇರಿಗೇ ಹೋಗಿ ಕೇಳಿ. ಲೇಔಟಿನ ಜಾಗ 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ. ಅದೂ ಯಾವ ಫೇಸಿಗೆ ಅಂತ ನೋಡಿ. ಏಜೆಂಟ್ ಮಾತು ಬ್ಯಾಡ, ಯಾರ ಮಾತೂ ಬ್ಯಾಡ.

ಈಗಾಗಲೇ ಕೊಟ್ಟು ಸಿಕ್ಕಿಬಿದ್ದವರಿಗೆ: “ಒರಿಜಿನಲ್ ಬಾಂಡ್ ತಂದುಕೊಡ್ರಿ, ರೊಕ್ಕ ವಾಪಸ್ ಕೊಡ್ತೀವಿ” ಅಂತ ಫೋನ್ ಬರ್ತದೆ. ರೊಕ್ಕ ಖಾತೆಗೆ ಬೀಳೋವರೆಗೂ ಬಾಂಡ್ ಕೈಬಿಡಬೇಡಿ. ಕಂತಿನ ರಸೀದಿಗಳನ್ನೂ.